ಅಫಜಲಪುರದ ತಹರಿಗೆ ಉಪ್ಪು ಕಡಿಮೆ

ಪ್ರತಿಯೊಬ್ಬ ಮನುಷ್ಯನಿಗೂ ಯಾವುದಾದರೊಂದು ವಿಷಯದಲ್ಲಿ ಸೊಕ್ಕಿರುತ್ತದೆ. ಕೆಲವರಿಗೆ ಹೊಲದ್ದು, ಕೆಲವರಿಗೆ ಮೈಬಣ್ಣದ್ದು, ನಮ್ಮ ಕಚೇರಿಯ ಮ್ಯಾನೇಜರರಿಗೆ ತಮ್ಮ ಸಹಿಯದು. ನನಗಿದ್ದದ್ದು ನಾಲಿಗೆಯ ಸೊಕ್ಕು. ಜೇವರ್ಗಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಅರ್ಧ ಆಯುಷ್ಯ ಕಳೆದ ನನ್ನನ್ನು ಯಾವ ಕಡತದ ಬಗ್ಗೆಯೂ ಯಾರೂ ಅಭಿಪ್ರಾಯ ಕೇಳಿದವರಲ್ಲ. ಆದರೆ ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಸಾಕು, ಎಲ್ಲರೂ ಒಂದೊಂದು ತುತ್ತು ನನ್ನ ಕಡೆ ಸರಿಸುತ್ತಿದ್ದರು. ಪುಂಡಿಪಲ್ಲೆಗೆ ಬೆಳ್ಳುಳ್ಳಿ ಹೆಚ್ಚಾಗಿದೆ, ಶೇಂಗಾ ಹಿಂಡಿ ಹೋದ ವಾರದ್ದು, ರೊಟ್ಟಿಯ ಹಿಟ್ಟಿಗೆ ನೀರು ಸರಿಯಾಗಿ ಕಾದಿಲ್ಲ ಎಂದು ನಾನು ತೀರ್ಪು ಕೊಡುತ್ತಿದ್ದೆ. ಆ ತೀರ್ಪುಗಳನ್ನು ಅವರು ಅಕ್ಷರ ತಪ್ಪದೆ ಮನೆಗೆ ಒಯ್ಯುತ್ತಿದ್ದರೆಂದೂ, ಜೇವರ್ಗಿಯ ಎಷ್ಟೋ ಅಡುಗೆಮನೆಗಳಲ್ಲಿ ನನ್ನ ಹೆಸರು ಹಿಡಿದು ಶಾಪ ಹಾಕುತ್ತಿದ್ದರೆಂದೂ ನನಗೆ ತಡವಾಗಿ ತಿಳಿಯಿತು.

ಮದುವೆ ಮುಂಜಿಗಳಲ್ಲಂತೂ ನನ್ನ ದರ್ಬಾರೇ ಬೇರೆ. ನಮ್ಮ ಬಳಗದಲ್ಲಿ ಒಂದು ರೂಢಿಯಿದೆ. ಅನ್ನ ಬೇಯಿಸುವ ದೊಡ್ಡ ಡೇಗಿನ ಮುಚ್ಚಳ ತೆಗೆದ ಮೇಲೆ, ಮಂದಿಗೆ ಬಡಿಸುವ ಮೊದಲು, ಅಡುಗೆಯವನು ಹಿರಿಯರೊಬ್ಬರಿಗೆ ಒಂದು ತಟ್ಟೆಯಲ್ಲಿ ನಾಲ್ಕು ಅಗುಳು ತಂದು ಉಪ್ಪು ನೋಡಿಸಬೇಕು. ನನಗಿಂತ ಹಿರಿಯರು ಹತ್ತು ಜನ ಕುಳಿತಿದ್ದರೂ ಆ ತಟ್ಟೆ ನನ್ನ ಮುಂದೆಯೇ ಬರುತ್ತಿತ್ತು. ನಾನು ಕಣ್ಣು ಮುಚ್ಚಿ ಅಗಿಯುತ್ತಿದ್ದೆ. ಅಷ್ಟು ಹೊತ್ತು ಹಸಿದ ಮಂದಿ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಆ ಸುಖ ಎಂಥದೆಂದು ಅನುಭವಿಸಿದವರಿಗೇ ಗೊತ್ತು.

ಇಂಥ ನಾಲಿಗೆಯವನ ಹೆಂಡತಿಯಾಗಿ ಶಹನಾಜ್ ಇಪ್ಪತ್ತೆಂಟು ವರ್ಷ ಹೇಗೆ ಬಾಳಿದಳೋ, ದೇವರೇ ಬಲ್ಲ. ಅವಳ ಕೈರುಚಿ ದೊಡ್ಡದು. ಅವಳ ತವರು ಅಫಜಲಪುರ; ಅಲ್ಲಿ ಯಾರ ಮನೆಯಲ್ಲಿ ಏನಿದ್ದರೂ ಮಸಾಲೆ ಒಗ್ಗರಣೆಯ ಬಗಾರಾ ಅನ್ನ, ಹುಳಿ ಬೇಳೆ ಇವಳೇ ಮಾಡಬೇಕು. ಊರೆಲ್ಲ ಹೊಗಳುತ್ತಿತ್ತು, ನಾನು ಮಾತ್ರ ಹೊಗಳುತ್ತಿರಲಿಲ್ಲ. ನಾನು ತಪ್ಪು ಹುಡುಕದೆ ಉಂಡು ಎದ್ದರೆ ಅದನ್ನೇ ಅವಳು ಹೊಗಳಿಕೆ ಎಂದುಕೊಳ್ಳಬೇಕಿತ್ತು. ನಮ್ಮ ಮನೆಯಲ್ಲಿ ಮಾತುಕತೆ ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ. ಇಬ್ಬರೂ ಕನ್ನಡ ಶಾಲೆಯಲ್ಲಿ ಕಲಿತವರು, ಬೈಯಲಿಕ್ಕೆ ಅದರಷ್ಟು ಗಟ್ಟಿ ಭಾಷೆ ನಮಗೆ ಇನ್ನೊಂದು ಸಿಕ್ಕಿಲ್ಲ. ಹೋದ ಮಳೆಗಾಲದಿಂದ ನಮ್ಮ ಮನೆಯಲ್ಲಿ ಕನ್ನಡದ ಬಳಕೆ ಬಹಳ ಹೆಚ್ಚಿತು.

ಮಳೆಗಾಲದಲ್ಲಿ ನನಗೊಂದು ಕೆಟ್ಟ ಜ್ವರ ಬಂದು ಹತ್ತು ದಿನ ಮಲಗಿಸಿಬಿಟ್ಟಿತು. ಎದ್ದು ಊಟಕ್ಕೆ ಕುಳಿತರೆ ಯಾವುದಕ್ಕೂ ರುಚಿಯಿಲ್ಲ. ಬೇಳೆಗೆ ಉಪ್ಪಿಲ್ಲ ಎಂದೆ. ಹಾಕಿದಳು. ಇನ್ನೂ ಇಲ್ಲ ಎಂದೆ. ಮತ್ತೆ ಹಾಕಿದಳು. ಮೆಣಸಿನಕಾಯಿ ಮಾತ್ರ ಬಾಯಿ ಸುಡುತ್ತಿತ್ತು, ಆದ್ದರಿಂದ ನಾಲಿಗೆ ನೆಟ್ಟಗೇ ಇದೆ ಎಂದು ನನ್ನ ಲೆಕ್ಕಾಚಾರ. ಸಕ್ಕರೆ ಕಾಯಿಲೆಯ ದೆಸೆಯಿಂದ ಸಿಹಿ ಬಿಟ್ಟು ಆರು ವರ್ಷವಾಗಿತ್ತು, ಹಾಗಾಗಿ ಆ ಸಾಕ್ಷಿಯೂ ಇರಲಿಲ್ಲ. ಈರುಳ್ಳಿಗೆ ಹಾಕುವ ಗೊಬ್ಬರವನ್ನು ಬೈದೆ, ಕಲಬೆರಕೆ ಎಣ್ಣೆಯನ್ನು ಬೈದೆ, ಕಿರಾಣಿ ಅಂಗಡಿ ಬದಲಿಸಿದೆ. ಕೊನೆಗೆ ಒಂದು ದಿನ, ನಿನ್ನ ಕೈರುಚಿ ಹೋಯಿತು ಎಂದುಬಿಟ್ಟೆ. ಅವಳು ಜಗಳವಾಡಲಿಲ್ಲ. ತಾನು ನೋಡಿದಾಗ ಉಪ್ಪು ಸರಿಯಾಗಿಯೇ ಇತ್ತೆಂದೂ, ಬಹುಶಃ ತನಗೇ ಈಗ ತಿಳಿಯುವುದಿಲ್ಲವೇನೋ ಎಂದೂ ಮೆಲ್ಲಗೆ ಹೇಳಿದಳು. ನನ್ನ ನಾಲಿಗೆಯ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಹೀಗಿರುವಾಗ ಅವಳ ತಂಗಿಯ ಮಗಳು ರುಖಿಯಾಳ ನಿಶ್ಚಿತಾರ್ಥ ಬಂತು. ಈ ಹುಡುಗಿ ಬೆಳೆದದ್ದೇ ಶಹನಾಜಳ ತೊಡೆಯ ಮೇಲೆ. ನಿನ್ನ ನಿಶ್ಚಯದ ಅಡುಗೆ ನನ್ನದೇ ಎಂದು ಹುಡುಗಿಗೆ ಹಲ್ಲು ಬರುವ ಮೊದಲೇ ಶಹನಾಜ್ ಹೇಳಿಟ್ಟಿದ್ದಳು. ತಂಗಿ ಫೋನು ಮಾಡಿ ಕರೆದಾಗ ಶಹನಾಜ್, ನನ್ನ ಕೈ ಹೋಗಿದೆ, ನಾಲ್ಕು ಜನರೆದುರು ಮರ್ಯಾದೆ ಹೋಗುವುದು ಬೇಡ, ಅಡುಗೆಯವರನ್ನು ಕರೆಸಿ ಎಂದಳು. ನಾನು ಪಕ್ಕದಲ್ಲೇ ಪೇಪರು ಓದುತ್ತ ಕುಳಿತಿದ್ದೆ. ಬೇಡವೆನ್ನಲಿಲ್ಲ. ಜಾಣತನ ಮಾಡಿದಳು ಎಂದೇ ಅಂದುಕೊಂಡೆ.

ಅಫಜಲಪುರದಲ್ಲಿ ನಿಶ್ಚಿತಾರ್ಥದ ದಿನ ರೂಢಿಯಂತೆ ತಟ್ಟೆ ನನ್ನ ಮುಂದೆ ಬಂತು. ಕಣ್ಣು ಮುಚ್ಚಿ ಅಗಿದೆ. ಸಪ್ಪೆ ಎಂದೆ. ಅಡುಗೆಯವನು ಸರಿಯಾಗಿದೆ ಸಾಹೇಬ್ರ ಎಂದು ತಕರಾರು ತೆಗೆದ. ಹುಡುಗಿಯ ತಂದೆ, ನನ್ನ ಷಡ್ಡಕ, ಅವನನ್ನು ಗದರಿಸಿ ಎರಡು ಮುಷ್ಟಿ ಉಪ್ಪು ಕರಗಿಸಿ ಹಾಕಿಸಿದ. ಗಂಡಿನ ಕಡೆಯವರು ಒಂದು ತುತ್ತು ಅನ್ನಕ್ಕೆ ಒಂದು ಲೋಟ ನೀರು ಕುಡಿದರು. ಅಫಜಲಪುರದ ಬಿಸಿಲು ಹೊಸಬರಿಗೆ ಕಷ್ಟ ಎಂದು ನಾನು ಪಕ್ಕದವರಿಗೆ ವಿವರಿಸಿದೆ. ಶಹನಾಜ್ ಒಳಗೆ ಹೆಂಗಸರ ನಡುವೆ ತಟ್ಟೆ ಮುಟ್ಟದೆ ಕುಳಿತಿದ್ದಳಂತೆ.

ಮರುದಿನ ಜೇವರ್ಗಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳನ್ನು ಬಸ್ ನಿಲ್ದಾಣದಲ್ಲಿ ಚೀಲಗಳ ಜೊತೆ ಕೂರಿಸಿ ನಾನು ತಹರಿ ಅಂಗಡಿಗೆ ಹೊರಟೆ. ಆ ಅಂಗಡಿಯೆಂದರೆ ಒಂದು ತಗಡಿನ ಶೆಡ್ಡು, ಒಂದು ಡೇಗು, ಹಿಂದೆ ಕುಳಿತ ಒಬ್ಬ ಮುದುಕಿ. ಎಲ್ಲರೂ ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಕೂರಲು ಜಾಗವಿಲ್ಲ, ಪಾರ್ಸಲ್ ಮಾತ್ರ. ಮಾಂಸ, ಮಸಾಲೆ ಹಾಕಿ ಬೇಯಿಸಿದ ಅರಿಶಿಣದ ಅನ್ನವನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾಳೆ. ಭಾಳ ಅಗ್ಗ. ಹೋದ ವರ್ಷ ನಾವಿಬ್ಬರೂ ತಿಂದಾಗ, ಜನ್ಮದಲ್ಲಿ ಮೊದಲ ಬಾರಿಗೆ, ನನಗೆ ಯಾವ ತಪ್ಪೂ ಸಿಕ್ಕಿರಲಿಲ್ಲ. ರುಚಿ ಅಂದರೆ ಏನೆಂದು ಇವಳಿಗೊಮ್ಮೆ ನೆನಪು ಮಾಡಿಕೊಡಬೇಕು ಎಂದು ಎರಡು ಪೊಟ್ಟಣ ಕಟ್ಟಿಸಿದೆ. ತಡೆಯಲಾರದೆ ಅಲ್ಲೇ ಗೋಡೆಯ ನೆರಳಿನಲ್ಲಿ ನಿಂತು ಒಂದನ್ನು ಬಿಚ್ಚಿದೆ.

ಬಾಯಿಗಿಟ್ಟರೆ ಬರೀ ಬಿಸಿ ಅನ್ನ. ಅಯ್ಯೋ, ಇದೂ ಹೋಯಿತೇ ಎಂದುಕೊಂಡೆ. ಆಮೇಲೆ ಸಿಟ್ಟು ಬಂತು. ಪೊಟ್ಟಣ ಹಿಡಿದು ವಾಪಸು ಹೋಗಿ, ಹೆಸರು ಬಂದ ಮೇಲೆ ಎಲ್ಲರೂ ಹೀಗೇ, ಉಪ್ಪು ಹಾಕುವ ವ್ಯವಧಾನವೂ ಇಲ್ಲವೇ ಎಂದು ನಾಲ್ಕು ಜನ ಕೇಳುವಂತೆ ಬೈದೆ. ಖಾಲಾ ನನ್ನನ್ನೇ ನೋಡಿದಳು. ಡೇಗಿನಿಂದ ಒಂದು ಚೂರು ತೆಗೆದು ತಾನು ತಿಂದಳು. ಪಾರ್ಸಲ್ಲಿಗೆ ನಿಂತಿದ್ದ ಆಟೋದವನಿಗೂ ಕೊಟ್ಟಳು. ಅವನು ಬೆರಳು ನೆಕ್ಕಿಕೊಂಡ. ಆಕೆ ಮತ್ತೇನೂ ವಾದಿಸದೆ ಡಬ್ಬಿಯಿಂದ ಒಂದು ಚಿಟಿಕೆ ಉಪ್ಪು ತೆಗೆದು ನನ್ನ ಅಂಗೈಗೆ ಹಾಕಿ, "ಇದನ್ನ ನೆಕ್ಕಿ ಹೇಳ್ರಿ" ಎಂದಳು.

ನೆಕ್ಕಿದೆ. ಬಾಯಲ್ಲಿ ಮರಳು ಆಡಿದಂತಾಯಿತು, ಅಷ್ಟೇ. ಇನ್ನೊಮ್ಮೆ ನೆಕ್ಕಿದೆ. ಉಳಿದ ಪೊಟ್ಟಣ ಎತ್ತಿಕೊಂಡು ಹೊರಟೆ. ನಿಲ್ದಾಣಕ್ಕೆ ಮರಳುವ ಆ ಸ್ವಲ್ಪ ದಾರಿಯಲ್ಲಿ ಆರೇಳು ತಿಂಗಳ ಬೇಳೆ, ಪಲ್ಲೆ, ಚಟ್ನಿ, ನಿನ್ನೆಯ ಎರಡು ಮುಷ್ಟಿ ಉಪ್ಪು, ಗಂಡಿನ ಕಡೆಯವರ ನೀರಿನ ಲೋಟ ಎಲ್ಲವೂ ಒಂದೊಂದಾಗಿ ನೆನಪಾದವು.

ಶಹನಾಜ್ ಪೊಟ್ಟಣ ಬಿಚ್ಚಿ ಎರಡು ತುತ್ತು ತಿಂದು, ಚೆನ್ನಾಗಿದೆ, ಹೋದ ವರ್ಷದ್ದೇ ರುಚಿ ಎಂದಳು. ಎಂದವಳು ಗಾಬರಿಯಿಂದ ನನ್ನ ಮುಖ ನೋಡಿದಳು, ತಪ್ಪು ಹೇಳಿದೆನೇನೋ ಎಂಬಂತೆ. ಆ ನೋಟವನ್ನು ನಾನು ಮರೆಯಲಾರೆ. ಆಗ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಪೊಟ್ಟಣವನ್ನು ಹಾಗೆಯೇ ಮಡಚಿದಳು.

"ಹಂಗಾರ ನನ್ನ ಕೈ ಹೋಗಿಲ್ಲೇನ್ರಿ?" ಎಂದಳು.

ಇಲ್ಲ ಎಂದೆ.

"ರುಖಿಯಾಳ ಅಡಿಗಿ ನಾ ಮಾಡಬಹುದಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಜೇವರ್ಗಿ ಬರುವವರೆಗೂ ಕಿಟಕಿಯಾಚೆ ತೊಗರಿ ಹೊಲಗಳನ್ನು ನೋಡುತ್ತ, ಆಗಾಗ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕುಳಿತಳು. ನಾನು ಕ್ಷಮಿಸು ಎನ್ನಲು ಮೂರು ಸಲ ಗಂಟಲು ಸರಿಮಾಡಿಕೊಂಡೆ. ಮೂರು ಸಲವೂ ಅವಳು ನೀರಿನ ಬಾಟಲಿ ಕೊಟ್ಟಳು.

ಡಾಕ್ಟರು ರುಚಿ ಮರಳಿದರೂ ಮರಳಬಹುದು, ಇಲ್ಲದಿದ್ದರೂ ಇಲ್ಲ ಎಂದಿದ್ದಾರೆ. ಕಚೇರಿಯಲ್ಲಿ ಸುದ್ದಿ ಹಬ್ಬಿ ಈಗ ಯಾರೂ ತುತ್ತು ಸರಿಸುವುದಿಲ್ಲ. ಕೆಲವರ ಮನೆಯಲ್ಲಿ ಪಾಯಸ ಮಾಡಿದರೆಂದೂ ಕೇಳಿದ್ದೇನೆ. ಹೋದ ಶುಕ್ರವಾರ ಶಹನಾಜ್ ತನ್ನ ಕೈಗೆ ತೋಚಿದಷ್ಟೇ ಉಪ್ಪು ಹಾಕಿ ತಹರಿ ಮಾಡಿದಳು. ನಾನು ಒಂದು ತುತ್ತು ತಿಂದು, ಭಾಳ ಛಂದ ಆಗ್ಯಾದ ಎಂದೆ. ಮದುವೆಯಾದಂದಿನಿಂದ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅವಳು ಸೌಟು ಕೆಳಗಿಟ್ಟಳು.

"ನಾಲಿಗಿ ಇದ್ದಾಗ ಒಂದ ದಿನಾನೂ ಅನ್ನಲಿಲ್ರಿ," ಎಂದಳು.

ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡೆ. ಸಂಜೆ ಪಕ್ಕದ ಮನೆಯ ಶರಣಪ್ಪ, ಅವರ ಮನೆಯಲ್ಲಿ ಮಾಂಸ ತಿನ್ನುವವನು ಅವನೊಬ್ಬನೇ, ನಾವು ತಹರಿ ಕಳಿಸಿದ್ದ ತಟ್ಟೆಯನ್ನು ವಾಪಸು ಕೊಡಲು ಬಂದ. ಅವನನ್ನು ಬಾಗಿಲಲ್ಲೇ ಹಿಡಿದು, ಹ್ಯಾಂಗಿತ್ತು, ಖರೇ ಹೇಳು ಎಂದು ಕೇಳಿದೆ. ಅವನು ಹೊಗಳಿದ್ದನ್ನು ಒಂದಕ್ಷರ ಬಿಡದೆ ಒಳಗೆ ಹೋಗಿ ಶಹನಾಜಳಿಗೆ ಒಪ್ಪಿಸಿದೆ. ಅದನ್ನು ಅವಳು ನಂಬಿದಳು.