ನಮ್ಮನೆ ಊಟದ ಕೋಣೆ ಕಾಟೇಜ್ ಆದದ್ದು

ನನ್ನ ನಾದಿನಿ ಹರಿಣಿಯ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸುವುದಕ್ಕಿಂತ ಮರಳು ಹಿಂಡಿ ಎಣ್ಣೆ ತೆಗೆಯುವುದು ಸುಲಭ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಹಿಂಡುತ್ತಲೇ ಇದ್ದೇನೆ. ಅವಳಿರುವುದು ಚಿಕ್ಕಬಳ್ಳಾಪುರದಲ್ಲಿ, ಗ್ರಾನೈಟ್ ನೆಲದ ಮನೆಯಲ್ಲಿ. ನಾವಿರುವುದು ಶಿಡ್ಲಘಟ್ಟದಿಂದ ಸ್ವಲ್ಪ ಆಚೆ, ರೇಷ್ಮೆ ಸೊಪ್ಪಿನ ತೋಟದ ಪಕ್ಕದಲ್ಲಿ. ಅವರೆಕಾಯಿ ಕಾಲದಲ್ಲಿ ಬಂದವಳು ಹಿತಕಿದ ಬೇಳೆ ಸಾರಿನಲ್ಲಿ ಎರಡು ಮುದ್ದೆ ಸಾಲದೆ ಮೂರನೆಯದನ್ನೂ ಮುರಿದು, ಕೈ ತೊಳೆಯುತ್ತಾ ಅಪ್ಪಣೆ ಕೊಡಿಸಿದಳು:

“ಊಟ ಪರವಾಗಿಲ್ಲ ಅತ್ತಿಗೆ. ಆದ್ರೆ ಈ ರೂಮಲ್ಲಿ ಕೂತ್ರೆ ಯಾವ್ದೋ ಗೋಡೌನಲ್ಲಿ ಕೂತಂಗಾಗುತ್ತೆ.”

ಆ ಮಾತು ಸುಳ್ಳಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ನಮ್ಮ ಊಟದ ಕೋಣೆಯಲ್ಲಿ ಟೇಬಲ್ಲಿನ ಒಂದು ಪಕ್ಕ ರಾಗಿ ಮೂಟೆ, ಇನ್ನೊಂದು ಪಕ್ಕ ಹಿಂಡಿ ಮೂಟೆ, ಮೂಲೆಯಲ್ಲಿ ಕೆಟ್ಟುಹೋದ ಪಂಪ್‌ಸೆಟ್ಟು. (ಅದನ್ನು ರಿಪೇರಿ ಮಾಡಿಸುತ್ತೇನೆಂದು ನನ್ನ ಗಂಡ ಹೇಳುತ್ತಿರುವುದು ನಮ್ಮ ಮದುವೆಯಷ್ಟೇ ಹಳೆಯ ಸಂಗತಿ.) ಅಂದೇ ನಾನು ಭೀಷ್ಮನನ್ನು ನಾಚಿಸುವಂಥ ಪ್ರತಿಜ್ಞೆ ಮಾಡಿದೆ. ಇದೇ ಕೋಣೆಯನ್ನು ನೋಡಿ ಇದೇ ಹರಿಣಿ ಬಾಯಿ ತುಂಬ ಹೊಗಳಬೇಕು. ಅಲ್ಲಿಯವರೆಗೆ ನನಗೆ ನಿದ್ದೆಯಿಲ್ಲ. (ಮಧ್ಯಾಹ್ನದ ನಿದ್ದೆ ಲೆಕ್ಕಕ್ಕಿಲ್ಲ.)

ಉಪಾಯ ಹೊಳೆದದ್ದು ಸ್ಕಂದಗಿರಿ ಕಡೆಗೆ ಹೋಗಿದ್ದಾಗ. ಬೆಟ್ಟ ಹತ್ತಲು ಬರುವವರಿಗಾಗಿ ಯಾರೋ ಕಟ್ಟಿಸಿದ್ದ ಕಾಟೇಜಿನಲ್ಲಿ ಇಡ್ಲಿ ತಿಂದೆವು. ಇಡ್ಲಿ ಕಲ್ಲಿನಂತಿತ್ತು, ಕೋಣೆ ಮಾತ್ರ ಸ್ವರ್ಗ. ಒರಟು ಮರದ ಟೇಬಲ್ಲು, ಗೋಣಿಬಟ್ಟೆಯ ಪರದೆ, ಗೋಡೆಯ ಮೇಲೆ ಮೊರ ಬುಟ್ಟಿ, ಮಂದವಾದ ಹಳದಿ ದೀಪ. ಕೂತರೆ ಏಳಲು ಮನಸ್ಸೇ ಬಾರದು. “ಇದಕ್ಕೆ ಕಾಟೇಜ್ ಸ್ಟೈಲ್ ಅಂತಾರೆ ಮೇಡಂ” ಎಂದ ಮಾಣಿ. ನಾನು ಮನಸ್ಸಿನಲ್ಲೇ ಹರಿಣಿಯನ್ನು ಅಲ್ಲಿ ಕೂರಿಸಿ, ಅವಳು ಕಣ್ಣರಳಿಸುವುದನ್ನು ನೋಡಿ ಸುಖಪಟ್ಟೆ.

ಮನೆಗೆ ಬಂದು ವಿಷಯ ಮಂಡಿಸಿದೆ. ನನ್ನ ಅತ್ತೆ ಓಬಳಮ್ಮನವರು ಎಲೆ ಅಡಿಕೆ ಮಡಿಸುವುದನ್ನು ನಿಲ್ಲಿಸಿದರು.

“ಕಾಟೇಜು ಅಂದ್ರೆ ಏನಮ್ಮಾ?”

“ಹಳ್ಳಿ ಮನೆ ಥರ ಮಾಡೋದು ಅತ್ತೆ.”

“ನಮ್ದು ಹಳ್ಳಿ ಮನೇನೇ ಅಲ್ವೇನಮ್ಮಾ?”

“ಅದು ಹಂಗಲ್ಲ ಅತ್ತೆ. ಪೇಟೆಯೋರು ಮಾಡೋ ಹಳ್ಳಿ ಮನೆ ಥರ.”

ಅತ್ತೆ ಎಲೆ ಬಾಯಿಗಿಟ್ಟುಕೊಂಡು ಮಾತು ಮುಗಿಸಿದರು. ನನ್ನ ಗಂಡ ನರೇಂದ್ರ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸುಮ್ಮನಿರುವ ಜಾತಿಯಲ್ಲ. ನಾನು ಟೇಬಲ್ಲಿನ ಪಾಲಿಶನ್ನು ಉಜ್ಜುಕಾಗದದಿಂದ ತಿಕ್ಕಿ ತಿಕ್ಕಿ ತೆಗೆಯುವಾಗ ಬಾಗಿಲಲ್ಲಿ ನಿಂತು ಕೇಳಿದರು:

“ಭಾನು, ಚೆನ್ನಾಗಿರೋ ಟೇಬಲ್ಲನ್ನ ಹಳೇದು ಮಾಡ್ತಿದ್ದೀಯಲ್ಲ, ಹಳೇ ಟೇಬಲ್ಲು ಗುಜರಿಗೆ ಹಾಕ್ದಾಗ ಬುದ್ಧಿ ಎಲ್ಲೋಗಿತ್ತು?”

“ನಿಮ್ಗೆ ಕಲೆ ಅಂದ್ರೇನು ಗೊತ್ತಿದ್ದಿದ್ರೆ ಆ ಪಂಪ್‌ಸೆಟ್ಟು ಇಷ್ಟು ವರ್ಷ ಇಲ್ಲಿರ್ತಿರ್ಲಿಲ್ಲ ಬಿಡ್ರಿ.”

ಅಂದು ಸಂಜೆಯೇ ಪಂಪ್‌ಸೆಟ್ಟು ದನದ ಕೊಟ್ಟಿಗೆಗೆ ಹೋಯಿತು. ಮೂಟೆಗಳು ಹಾಲಿಗೆ ಬಂದವು. (ತಾತ್ಕಾಲಿಕವಾಗಿ.) ಮೂಟೆಯ ಹಿಂದೆ ಮುಚ್ಚಿಹೋಗಿದ್ದ ಕಿಟಕಿಯೊಂದು ಸಿಕ್ಕಿತು, ಗಾಳಿ ಈ ಕಡೆಯಿಂದ ಆ ಕಡೆಗೆ ಹಾಯಾಗಿ ಬೀಸತೊಡಗಿತು. ಗೋಣಿಬಟ್ಟೆಯ ಪರದೆ ಕಟ್ಟಿದೆ. ಟೇಬಲ್ಲಿಗೆ ಕೆಂಪು ಬಿಳಿ ಚೌಕುಳಿಯ ಬಟ್ಟೆ ಹಾಸಿ, ನಡುವೆ ಮಲ್ಲಿಗೆ ವಾಸನೆಯ ಮೇಣದಬತ್ತಿ ಇಟ್ಟೆ. ಆದರೆ ಗೋಡೆ ಬೋಳಾಗಿತ್ತು. ಮೊರ ಬುಟ್ಟಿ ಎಲ್ಲರೂ ಹಾಕುತ್ತಾರೆ, ಹರಿಣಿ ಬೆರಗಾಗಬೇಕಾದರೆ ಯಾರೂ ಹಾಕದ್ದು ಬೇಕು. ತಲೆಯೆತ್ತಿ ಅಟ್ಟದ ಕಡೆ ನೋಡಿದೆ. ಚಂದ್ರಿಕೆಗಳು!

ಚಂದ್ರಿಕೆ ಎಂದರೆ ಹಣ್ಣಾದ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ದೊಡ್ಡ ತಟ್ಟಿ. ಆಳುದ್ದ ಇರುತ್ತದೆ, ಮೈ ತುಂಬ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ. ನಮ್ಮ ಕಡೆಯವರು ಅದನ್ನು ಹುಟ್ಟಿದಾಗಿನಿಂದ ನೋಡಿ ನೋಡಿ, ಅದೂ ಒಂದು ಚೆಲುವಾದ ವಸ್ತು ಎಂಬುದನ್ನೇ ಮರೆತಿದ್ದಾರೆ. ನನ್ನ ಕಲಾದೃಷ್ಟಿ ಮರೆಯಲಿಲ್ಲ. ನನ್ನ ಮಾವ ಮುನಿಶಾಮಪ್ಪನವರು ಹುಳು ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಾಗ ಹೋಗಿ, “ಮಾವ, ಅಟ್ಟದ ಮೇಲಿರೋ ಚಂದ್ರಿಕೆ ತಗೊಳ್ಲಾ?” ಎಂದೆ. ಅವರು “ಹೂಂ” ಎಂದರು. (ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಪೊರೆ ಕಳಚಿ ಹಸಿದಿರುವ ಹುಳಕ್ಕೆ ಸೊಪ್ಪು ಹಾಕುವಾಗ, ಮನೆಗೆ ಬೆಂಕಿ ಬಿದ್ದಿದೆ ಎಂದರೂ ಅವರು “ಹೂಂ” ಎನ್ನುತ್ತಾರೆ. ಇದು ನನಗೆ ಗೊತ್ತಿತ್ತು.)

ಹುಳು ಹಣ್ಣಾಗುವುದು ಮಂಗಳವಾರ ಎಂದು ಮಾವನೇ ಹೇಳಿದ್ದರು. ನಾನು ಊಟಕ್ಕೆ ಕರೆದಿದ್ದ ಹರಿಣಿ ಬರುವುದು ಅದಕ್ಕೂ ಮುಂಚೆ, ಭಾನುವಾರ. ಮಿಕ್ಕ ಚಂದ್ರಿಕೆಗಳು ಹೊರಗಡೆ ಇದ್ದೇ ಇವೆ, ಸಾಲದಿದ್ದರೆ ಪೇಟೆಯಲ್ಲಿ ಬಾಡಿಗೆಗೆ ಸಿಗುತ್ತವೆ. ನನ್ನ ಲೆಕ್ಕದಲ್ಲಿ ಮೇಷ್ಟ್ರೂ ತಪ್ಪು ಹುಡುಕಲಾರರು. ಬಡಗಿಯನ್ನು ಕರೆಸಿ, ಎರಡು ಚಂದ್ರಿಕೆಗಳನ್ನು ಗೋಡೆಗೆ ಪಟ್ಟಿ ಬಡಿಸಿ ಸ್ಕ್ರೂ ಹಾಕಿಸಿದೆ. ಇನ್ನೊಂದನ್ನು ಟೇಬಲ್ಲಿನ ಮೇಲೆ ಸರಿಯಾಗಿ ನೆತ್ತಿಗೆ ಬರುವ ಹಾಗೆ ಛಾವಣಿಯಿಂದ ಅಡ್ಡಡ್ಡ ತೂಗುಹಾಕಿಸಿ, ಸುತ್ತ ಹಳದಿ ಬಲ್ಬು ಸುತ್ತಿದೆ. ಅರಮನೆಯಲ್ಲೂ ಅಂಥ ದೀಪಗೊಂಚಲು ಇರಲಿಕ್ಕಿಲ್ಲ. “ಗಟ್ಟಿಯಾಗಿ ಕೂರಿಸಪ್ಪ, ಹಂದಾಡ್ಬಾರ್ದು” ಎಂದು ಬಡಗಿಗೆ ನಾನೇ ಹೇಳಿದೆ. ಅವನು ಮಾತಿನಂತೆ ನಡೆದುಕೊಂಡ.

ಭಾನುವಾರ ಬೆಳಗ್ಗೆ ನಾಟಿ ಕೋಳಿಗೆ ಮಸಾಲೆ ರುಬ್ಬುತ್ತಿದ್ದೆ. ಹುಳು ಮನೆಯಿಂದ ಮಾವನ ಕೂಗು ಕೇಳಿತು.

“ಓಬಳಾ! ಹುಳು ಹಣ್ಣಾಗ್ಬಿಟ್ಟೈತೆ ಕಣೇ! ಬಿಸಿಲಿಗೆ ಎಲ್ಲಾ ಒಂದೇ ಸಲ! ಚಂದ್ರಿಕೆ ತಗೊಂಬನ್ನಿ!”

ಹಣ್ಣಾದ ಹುಳು ಯಾರ ಮಾತನ್ನೂ ಕೇಳುವುದಿಲ್ಲ. ಚಂದ್ರಿಕೆ ಸಿಗದಿದ್ದರೆ ಗೋಡೆ, ಪೊರಕೆ, ನಿಮ್ಮ ಸೆರಗು, ಎಲ್ಲಿ ಸಿಕ್ಕಿದರೆ ಅಲ್ಲಿ ನೂಲು ಬಿಡಲು ಶುರು. ಹೊರಗಿದ್ದ ಚಂದ್ರಿಕೆಗಳು ನೋಡುನೋಡುತ್ತಲೇ ತುಂಬಿದವು. ನನ್ನ ಗಂಡ ಗಾಡಿ ಹತ್ತಿ ಪೇಟೆಗೆ ಓಡಿ ಬರಿಗೈಯಲ್ಲಿ ಬಂದರು. ಆ ಬಿಸಿಲಿಗೆ ಸುತ್ತಮುತ್ತಲಿನ ಎಲ್ಲರ ಹುಳುವೂ ಅಂದೇ ಹಣ್ಣಾಗಿ, ಬಾಡಿಗೆಗೆ ಒಂದೂ ಉಳಿದಿರಲಿಲ್ಲ. ಮಾವ ಅಟ್ಟ ನೋಡಿದರು. ಬಣಬಣ.

“ಇಲ್ಲಿದ್ವಲ್ಲಾ ಮೂರು, ಎಲ್ಲೋದ್ವು?”

ಇವರು ಊಟದ ಕೋಣೆಯ ಕಡೆ ಬೆರಳು ತೋರಿಸಿದರು. (ಗಂಡಂದಿರ ನಿಷ್ಠೆ ಇಷ್ಟೇ.)

ಮಾವ ಒಳಗೆ ಬಂದು ಗೋಡೆಯ ಚಂದ್ರಿಕೆ ಹಿಡಿದು ಎಳೆದರು. ಬಡಗಿಯ ಕೆಲಸ ಜಗ್ಗಲಿಲ್ಲ. ಅವರು ಎಳೆಯುವುದನ್ನು ನಿಲ್ಲಿಸಿ ಕೋಣೆಯನ್ನು ಸುತ್ತ ನೋಡಿದರು. ಗೋಣಿ ಪರದೆ ಮುಟ್ಟಿದರು. ಕಿಟಕಿಯ ಗಾಳಿಗೆ ಕೈಯೊಡ್ಡಿದರು. ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿತು.

“ಕೀಳೋದ್ಯಾಕೆ? ಇಲ್ಲೇ ಬಿಡಣ. ತಗೊಂಬನ್ನಿ ಹುಳು!”

“ಮಾವ, ಹರಿಣಿ ಊಟಕ್ಕೆ ಬರ್ತಾಳೆ!”

“ಅವ್ಳು ನಾಳೇನೂ ಬರ್ತಾಳಮ್ಮಾ, ಹುಳು ನಾಳೆಗಂಟ ಕಾಯುತ್ತಾ? ಆ ವಾಸ್ನೆ ಬತ್ತಿ ಆಚೆಗೆಸಿ. ಒಗ್ಗರಣೆ ಗಿಗ್ಗರಣೆ ಏನೂ ಹಾಕ್ಬೇಡ, ಘಾಟಿಗೆ ಹುಳು ಕೆಡುತ್ತೆ.”

ಬುಟ್ಟಿ ಬುಟ್ಟಿ ಹುಳು ನನ್ನ ಕಾಟೇಜಿಗೆ ದಯಮಾಡಿಸಿದವು. ಗೋಡೆಗೆ ಹತ್ತಿದವು, ದೀಪಗೊಂಚಲಿಗೆ ಹತ್ತಿದವು. ಗೂಡು ಕಟ್ಟುವ ಮುಂಚೆ ಪ್ರತಿಯೊಂದು ಹುಳುವೂ ಒಂದು ಸಲ ಉಚ್ಚೆ ಹೊಯ್ಯುತ್ತದೆ ಎಂಬುದು ಶಿಡ್ಲಘಟ್ಟದ ಸೊಸೆಯಾದ ನನಗೆ ಹೊಸದೇನಲ್ಲ. ಆದರೆ ಅದು ದೀಪಗೊಂಚಲಿನಿಂದ ಚೌಕುಳಿ ಬಟ್ಟೆಯ ಮೇಲೆ ತೊಟ್ಟಿಕ್ಕುವುದನ್ನು ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು. ಅಳುತ್ತಲೇ ಕೋಳಿ, ಪಾತ್ರೆ, ಮಸಾಲೆ ಎಲ್ಲ ಹೊತ್ತುಕೊಂಡು, ಗಾಳಿ ಆಚೆ ಬೀಸುವ ಕಡೆ ತೋಟದಂಚಿನಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆ.

ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಗ ಕಾರು ಬಂತು. ಹೊಸ ಸೀರೆಯುಟ್ಟ ಹರಿಣಿ, ಹಿಂದೆ ಇಸ್ತ್ರಿ ಷರ್ಟಿನ ಅವಳ ಗಂಡ ಜಗನ್. ನಾನು ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತೆ.

“ಹರಿಣಿ, ಒಳಗೆ ಬೇಡಮ್ಮಾ, ಸ್ವಲ್ಪ ಏನಾಯ್ತು ಅಂದ್ರೆ...”

ಅವಳು ಮೂಗರಳಿಸಿದಳು. “ಅತ್ತಿಗೆ, ಹುಳು ಹಣ್ಣಾಯ್ತಾ?” ಎಂದವಳೇ ಚಪ್ಪಲಿ ಬಿಟ್ಟು, ಕೈ ತೊಳೆದು, ಸೆರಗು ಸಿಕ್ಕಿಸಿ ನನ್ನನ್ನು ಸರಿಸಿಕೊಂಡು ಒಳನುಗ್ಗಿದಳು. ಹುಳು ಮನೆಯಲ್ಲೇ ಆಡಿ ಬೆಳೆದ ಹುಡುಗಿ ಎಂಬುದನ್ನು ಗ್ರಾನೈಟ್ ನೆಲದ ಕೆಳಗೆ ಇಷ್ಟು ದಿನ ಮುಚ್ಚಿಟ್ಟಿದ್ದಳು. ಅಪ್ಪ ಮಗಳು ಸೇರಿ ಹುಳು ಆರಿಸಿ ಆರಿಸಿ ಬಿಟ್ಟರು. ಏನೂ ತೋಚದೆ ಕುರ್ಚಿಯಲ್ಲಿ ಕೂತಿದ್ದ ಜಗನ್ ಏಳುವಷ್ಟರಲ್ಲಿ ಒಂದು ಹುಳು ಅವರ ಕಾಲರಿನ ಮೇಲೆ ನಿವೇಶನ ಹಿಡಿದು ಪಾಯ ತೋಡಿಯಾಗಿತ್ತು.

ಕೆಲಸ ಮುಗಿದ ಮೇಲೆ ಹರಿಣಿ ಸೊಂಟಕ್ಕೆ ಕೈಯಿಟ್ಟು ನಿಂತು ಕೋಣೆಯನ್ನು ನೋಡಿದಳು. ಪರದೆ, ಕಿಟಕಿ, ಗೋಡೆ, ಛಾವಣಿ.

“ಅತ್ತಿಗೆ, ಸುಮ್ನೆ ಹೇಳಲ್ಲ. ಇಂಥಾ ರೂಮು ನಾನೆಲ್ಲೂ ನೋಡಿಲ್ಲ. ಎಷ್ಟು ಚೆನ್ನಾಗಿ ಮಾಡಿದೀರಾ!”

ಇಷ್ಟು ವರ್ಷ ಹಿಂಡಿದ ಮರಳಿನಿಂದ ಎಣ್ಣೆ ಜಿನುಗಿತು! ನನ್ನ ಕಣ್ಣು ತುಂಬಿ ಬಂತು.

“ಗಾಳಿ ಐತೆ, ಬಿಸ್ಲಿಲ್ಲ, ಮೇಲ್ಗಡೇನೂ ಚಂದ್ರಿಕೆ! ಹುಳಕ್ಕೆ ಹೇಳಿ ಮಾಡ್ಸಿದಂಗಿದೆ. ಅಪ್ಪನ್ಗೂ ಹೊಳೀಲಿಲ್ಲ ಇದು” ಎಂದು ಅವಳು ಮಾತು ಮುಗಿಸಿದಳು. ತುಂಬಿದ ಕಣ್ಣನ್ನು ಏನು ಮಾಡಬೇಕೋ ತಿಳಿಯದೆ ಒಲೆಯ ಹತ್ತಿರ ಹೋಗಿ ಊದಿದೆ.

ಆ ಸಲದ ಗೂಡಿಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಹೆಸರು ಬಂತು. ಮಾವ ಊರೆಲ್ಲ ಡಂಗುರ ಹೊಡೆದರು. ಪಕ್ಕದ ತೋಟದ ವೆಂಕಟರವಣಪ್ಪನವರು ಬಂದು, ತಲೆಯೆತ್ತಿ ನೋಡಿ, “ಚಾಲಾ ಬಾಗುಂದಮ್ಮಾ! ತುಂಬಾ ಚೆನ್ನಾಗೈತೆ! ನಮ್ ಸೊಸೆಗೂ ಸ್ವಲ್ಪ ಹೇಳ್ಕೊಡು” ಎಂದರು. ಟೇಬಲ್ಲು ಈಗ ಹುಳು ಮನೆಯಲ್ಲಿದೆ, ಅದರ ಮೇಲೆ ಸೊಪ್ಪು ಕತ್ತರಿಸುತ್ತಾರೆ. ಪಾಲಿಶ್ ಇಲ್ಲದ್ದರಿಂದ ಕತ್ತಿ ಜಾರುವುದಿಲ್ಲವಂತೆ. ಊಟದ ಕೋಣೆಯ ಬಾಗಿಲಿಗೆ “ಚಪ್ಪಲಿ ಬಿಟ್ಟು ಬನ್ನಿ” ಎಂದು ಇವರು ಚಾಕ್‌ಪೀಸಿನಲ್ಲಿ ದುಂಡಗೆ ಬರೆದಿದ್ದಾರೆ. ನಾವು ಹಾಲಿನಲ್ಲಿ, ಮೂಟೆಗಳ ನಡುವೆ ನೆಲದ ಮೇಲೆ ಕೂತು ಉಣ್ಣುತ್ತೇವೆ.

ಮೊನ್ನೆ ಹರಿಣಿ ಮತ್ತೆ ಬಂದಿದ್ದಳು. ರಾಗಿ ಮೂಟೆಗೆ ಒರಗಿ ಕೂತು, ಬಸ್ಸಾರಿನಲ್ಲಿ ಮೂರನೇ ಮುದ್ದೆ ಮುಗಿಸಿ, ಕೈ ತೊಳೆಯುತ್ತಾ ಹೇಳಿದಳು:

“ಊಟ ಪರವಾಗಿಲ್ಲ ಅತ್ತಿಗೆ. ಆದ್ರೆ ಇಲ್ಲಿ ಕೂತ್ರೆ ಗೋಡೌನಲ್ಲಿ ಕೂತಂಗಾಗುತ್ತೆ. ಆ ಹುಳದ ರೂಮು ನೋಡಿ, ಎಷ್ಟು ಚೆನ್ನಾಗಿಟ್ಟಿದಾರೆ! ಮನುಷ್ಯರು ಊಟ ಮಾಡೋ ಜಾಗಾನೂ ಸ್ವಲ್ಪ ಹಂಗೆ ಮಾಡ್ಸಬಾರ್ದಾ?”