ಗಂಟಲಿಗೆ ಲೈನ್ ಕ್ಲಿಯರ್

ಹೆದರುವುದರಲ್ಲಿ ನಾನು ಎತ್ತಿದ ಕೈ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಮ್ಮ ಓಣಿಯ ಹೆಂಗಸರಲ್ಲಿ ಹಾವಿಗೆ ಹೆದರುವವರಿದ್ದಾರೆ, ದೆವ್ವಕ್ಕೆ ಹೆದರುವವರಿದ್ದಾರೆ, ಈಗೀಗ ಸೊಸೆಗೆ ಹೆದರುವ ಅತ್ತೆಯರೂ ಆಗಿದ್ದಾರೆ. ನನಗೆ ಇವು ಯಾವುವೂ ಲೆಕ್ಕಕ್ಕಿಲ್ಲ. ನಾನು ಹೆದರುವುದು ಕರೆಂಟಿಗೆ. ಚಟ್ನಿಗೆ ಮಿಕ್ಸರ್ ಹಚ್ಚಬೇಕಾದರೆ ಕೈ ಒರೆಸಿಕೊಂಡು, ಕಟ್ಟಿಗೆಯ ಮಣೆಯ ಮೇಲೆ ನಿಂತು, ಮನೆದೇವರನ್ನು ನೆನೆದು ಗುಂಡಿ ಒತ್ತುತ್ತೇನೆ. ಹೊಲಿಗೆ ನನ್ನ ಉದ್ಯೋಗ. ತಿರ್ಲಾಪುರದ ಅರ್ಧ ಊರಿನ ರವಿಕೆಗಳು ನನ್ನ ಕತ್ತರಿ ಕಂಡವು. ಊರಿನ ಉಳಿದ ಹೊಲಿಗೆಯವರೆಲ್ಲ ಮಷಿನ್ನಿಗೆ ಮೋಟರು ಕೂಡಿಸಿಕೊಂಡು ಜರ್ರ್ ಎಂದು ಹೊಲಿಯುತ್ತಿದ್ದರೆ ನಾನು ಇವತ್ತಿಗೂ ಕಾಲಿನಿಂದ ತುಳಿಯುತ್ತೇನೆ. ಇಂಥ ನನ್ನನ್ನು ನಮ್ಮಪ್ಪ ಹುಡುಕಿ ಹುಡುಕಿ ಕರೆಂಟ್ ಆಫೀಸಿನ ಲೈನ್‌ಮನ್ನಿಗೆ ಕೊಟ್ಟು ಮದುವೆ ಮಾಡಿದ. "ಕಾಯಂ ನೌಕರಿ ಐತಿ, ಕಿಮ್ಮತ್ತಿನ ಮನಷ್ಯಾ" ಎಂದ. ಕಂಬ ಹತ್ತುವ ನೌಕರಿ ಎಂಬ ಮಾತನ್ನು ಮಾತ್ರ ನುಂಗಿಬಿಟ್ಟ.

ಲೈನ್‌ಮನ್ ಹೆಂಡತಿಯಾದ ಮೇಲೆ ನನಗೆ ಬೇಡವೆಂದರೂ ಆ ಕೆಲಸದ ವಿದ್ಯೆಯೆಲ್ಲ ತಲೆಗೆ ಹತ್ತಿತು. ಕಂಬ ಹತ್ತುವ ಮೊದಲು ಇವರು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಕೇಳಬೇಕು. ಅಲ್ಲಿ ಕೂತ ಆಪರೇಟರ್ ಆ ಕಡೆಗೆ ಹೋಗುವ ಲೈನು ಬಂದ್ ಮಾಡಿ "ಕೊಟ್ಟೀನಿ" ಎಂದ ಮೇಲೆಯೇ ಕಂಬಕ್ಕೆ ಕಾಲು. ಕೆಲಸ ಮುಗಿದು ಕೆಳಗಿಳಿದು "ಚಾರ್ಜ್ ಮಾಡು" ಎಂದ ಮೇಲೆ ಊರಿಗೆ ಕರೆಂಟು. ಇಷ್ಟೇ ಆಗಿದ್ದರೆ ನಾನೂ ನೆಮ್ಮದಿಯಾಗಿ ಇರುತ್ತಿದ್ದೆನೇನೋ. ಆದರೆ ರಿಟರ್ನ್ ಎನ್ನುವುದೊಂದಿದೆ. ಲೈನು ಬಂದ್ ಆಗಿದೆಯೆಂದು ಯಾವನೋ ಪುಣ್ಯಾತ್ಮ ತನ್ನ ಮನೆಯ ಜನರೇಟರು ಹಚ್ಚಿದನೆನ್ನಿ, ವೈರು ಸರಿಯಿಲ್ಲದಿದ್ದರೆ ಆ ಕರೆಂಟು ಹಿಂದಕ್ಕೆ ಹರಿದು ಕಂಬದ ತಂತಿಗೆ ಬರುತ್ತದೆ. ಎಲ್‌ಸಿ ತೆಗೆದುಕೊಂಡವನು ನಿಶ್ಚಿಂತೆಯಿಂದ ತಂತಿ ಹಿಡಿದಿರುತ್ತಾನೆ. ಮುಂದಿನದನ್ನು ನಾನು ಬರೆಯಲಾರೆ.

ಹೋದ ಮಳೆಗಾಲದ ಒಂದು ದಿನ ಊಟಕ್ಕೆ ಕೂತಿದ್ದೆವು. ಇವರು ರೊಟ್ಟಿ ಮುರಿಯುತ್ತ, ಹವಾಮಾನದ ಸುದ್ದಿ ಹೇಳುವ ಹಾಗೆ, "ಕಲಘಟಗಿ ಕಡೆ ನಮ್ಮ ಲೈನ್‌ಮನ್ ಹುಡುಗ ಒಬ್ಬಾಂವ ಹೋದ. ಎಲ್‌ಸಿ ತಗೊಂಡಿದ್ದ, ರಿಟರ್ನ್ ಹೊಡೀತು. ಒಂದೀಟು ಪುಂಡಿಪಲ್ಯ ಹಾಕು" ಎಂದರು. ನಾನು ಪುಂಡಿಪಲ್ಯ ಹಾಕಿದೆ. ನನ್ನ ಬಾಯಲ್ಲಿದ್ದ ತುತ್ತು ಗಂಟಲವರೆಗೆ ಹೋಗಿ ಅಲ್ಲೇ ನಿಂತಿತು.

ನೀರು ಕುಡಿದೆ. ನಿಂತೇ ಇತ್ತು. ಬಾಳೆಹಣ್ಣು ನುಂಗಿದೆ, ಬಿಸಿ ತುಪ್ಪ ಕುಡಿದೆ, ಬರೀ ಅನ್ನ ಮುದ್ದೆ ಮಾಡಿ ನುಂಗಿದೆ. ಅವೆಲ್ಲ ಸರಾಗವಾಗಿ ಒಳಗೆ ಹೋದವು. ಆ ಗಂಟು ಮಾತ್ರ ಅಲ್ಲೇ. ಉಗುಳು ನುಂಗಿದಾಗೊಮ್ಮೆ ಮೇಲಕ್ಕೆ ಬಂದು ಮಾತಾಡಿಸಿ ಮತ್ತೆ ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ಬಾಜೂ ಮನೆಯ ಕಾಶವ್ವ ಕಾಕುಗೆ ಹೇಳಿದ್ದು ನನ್ನ ತಪ್ಪು. ಸಂಜೆಯೊಳಗೆ ಓಣಿಯೆಲ್ಲ ನನ್ನನ್ನು ಮಾತಾಡಿಸಲು ಬಂತು. ನಮ್ಮ ಕಡೆ ಜಡ್ಡಾದವರನ್ನು ಮಾತಾಡಿಸಲು ಬರುವವರು ಒಂದು ಬಿಸ್ಕೀಟ್ ಪುಡಿಕೆಯನ್ನೂ ಅದೇ ಜಡ್ಡಿನಿಂದ ಸತ್ತ ಒಬ್ಬರ ಕಥೆಯನ್ನೂ ತಪ್ಪದೆ ತರುತ್ತಾರೆ. "ದುಮ್ಮವಾಡದ ನಮ್ಮ ಬೀಗತಿಗೂ ಅಗದಿ ಹಿಂಗ ಗಂಟಲಾಗ ಗಂಟು ಬಂದಿತ್ತವಾ. ಪಾಪ, ಭಾಳ ಛಲೋ ಹೆಣಮಗಳು. ಮುಂದ ನೀರೂ ಇಳೀಲಿಲ್ಲ" ಎಂದು ಕಾಶವ್ವ ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಮುಖ ನೋಡಿ, "ನಿನಗೇನೂ ಆಗೂದಿಲ್ಲ ಬಿಡು" ಎಂದು ಸೇರಿಸಿದಳು. ಅವಳು ಹಾಗೆಂದ ಮೇಲೆ ನನಗೆ ಕ್ಯಾನ್ಸರ್ ಎಂಬುದರಲ್ಲಿ ಅನುಮಾನವೇ ಉಳಿಯಲಿಲ್ಲ.

ಹುಬ್ಬಳ್ಳಿಯ ಗಂಟಲ ಡಾಕ್ಟರು ಮೂಗಿನೊಳಗಿಂದ ದೀಪವಿದ್ದ ನಳಿಗೆ ಇಳಿಸಿ, ನನ್ನ ಗಂಟಲನ್ನು ಟಿವಿಯ ಮೇಲೆ ತೋರಿಸಿದರು. ನಮ್ಮವರು ಅದನ್ನು ಕತ್ತು ಓರೆ ಮಾಡಿಕೊಂಡು ನೋಡಿ "ಲೈನ್ ಕ್ಲಿಯರ್ ಐತ್ರಿ" ಎಂದರು. ಡಾಕ್ಟರೂ ಅದನ್ನೇ ಹೇಳಿದರು. "ಏನೂ ಇಲ್ಲವಾ. ಗಂಟಿಲ್ಲ, ಹುಣ್ಣಿಲ್ಲ. ಮನಸ್ಸಿಗೆ ತ್ರಾಸಾದ್ರ ಹಿಂಗ ಅನಸ್ತೈತಿ." ಇದನ್ನು ಕೇಳಿ ಬೇರೆಯವರಾಗಿದ್ದರೆ ಪೇಡೆ ಹಂಚುತ್ತಿದ್ದರು. ನನಗೆ ಮತ್ತಷ್ಟು ದಿಗಿಲಾಯಿತು. ಕಂಡ ಗಂಟನ್ನು ಕತ್ತರಿಸಿ ತೆಗೆಯಬಹುದು. ಹುಬ್ಬಳ್ಳಿಯ ಟಿವಿಗೂ ಕಾಣದ ಗಂಟನ್ನು ಯಾರು ತೆಗೆಯಬೇಕು? ಔಷಧಿ ನುಂಗಿದೆ. ಗುಳಿಗೆಗಳು ಗಂಟಿನ ಬಾಜೂ ಹಾಯ್ದು ಹೋದವು. ಮತ್ತೊಮ್ಮೆ ಹೋದಾಗ ಅದೇ ಡಾಕ್ಟರು, "ನವಲಗುಂದದಾಗ ಒಬ್ಬ ಡಾಕ್ಟರಬಾಯಿ ಇದ್ದಾರ. ಅಕ್ಯುಪಂಕ್ಚರ್‌ನವರು ಸೂಜಿ ಚುಚ್ಚೂ ಜಾಗಾದಾಗ ಸೂಜಿ ಬದಲಿ ಅಂಟಿನ ಪಟ್ಟಿ ಹಚ್ಚಿ ಸಣ್ಣಾಗಿ ಕರೆಂಟ್ ಕೊಡ್ತಾರ. ಕೆಲವರಿಗೆ ಹಗರ ಆಗೇತಿ, ನೋಡ್ರಿ" ಎಂದರು.

ಅವರು ಸೂಜಿ ಎಂದಾಗ ನಾನು ಸುಮ್ಮನಿದ್ದೆ. ದಿನವಿಡೀ ಸೂಜಿಯ ಜೊತೆಯೇ ನನ್ನ ಸಂಸಾರ. ಕರೆಂಟ್ ಎಂದ ಕೂಡಲೇ ಎದ್ದು ಚಪ್ಪಲಿ ಹುಡುಕತೊಡಗಿದೆ. ಆದರೆ ಇವರು ಕೈ ಹಿಡಿದು ಕೂಡಿಸಿ, "ಕರೆಂಟಿನ ಕೆಲಸ ಅಂದಮ್ಯಾಲ ನಾ ಇರ್ತೀನಲ್ಲ. ನನಗ ಬಿಡು" ಎಂದರು. ಹದಿನೆಂಟು ವರ್ಷದ ಸಂಸಾರದಲ್ಲಿ ಅವರ ಕೆಲಸ ನನ್ನ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಸಂತೋಷದಲ್ಲಿ ಎದೆ ಉಬ್ಬಿಸಿಕೊಂಡು ಕೂತಿದ್ದರು.

ಹೋಗುವ ದಿನ ನಾನು ಸಾಯುವವಳ ಹಾಗೆಯೇ ತಯಾರಿ ಮಾಡಿದೆ. ಕಾಶವ್ವ ಕಾಕುವನ್ನು ಕರೆದು, ಯಾರ ರವಿಕೆಗೆ ಹುಕ್ಕು ಹಚ್ಚುವುದು ಬಾಕಿ, ಯಾರಿಗೆ ತೋಳು ಉದ್ದ ಬಿಡಬೇಕು ಎಂದು ಹೇಳಿದೆ. "ನೀ ಬಂದು ಹಚ್ಚೀಯಂತ ಹೋಗಿ ಬಾ" ಎನ್ನುತ್ತಲೇ ಅವಳು ತನ್ನ ರವಿಕೆಯನ್ನು ಮಾತ್ರ ಆರಿಸಿಕೊಂಡು ಮನೆಗೆ ಒಯ್ದಳು.

ನವಲಗುಂದದ ಆ ದವಾಖಾನೆ ಸಣ್ಣದು. ಒಂದು ಮಂಚ, ಒಂದು ಸ್ಟೂಲು, ಮೇಲೊಂದು ಫ್ಯಾನು. ಡಾಕ್ಟರಬಾಯಿ ಹಸನ್ಮುಖಿ. ಮೇಜಿನ ಮೇಲೆ ಊಟದ ಡಬ್ಬಿಯಷ್ಟಿದ್ದ ಮಷಿನ್ನು, ಅದರಿಂದ ಕೆಂಪು, ಕಪ್ಪು ವೈರುಗಳು. ಹಿಂದಿನಿಂದ ಒಂದು ಬಿಳಿ ವೈರು ಗೋಡೆಯ ಬೋರ್ಡಿಗೆ ಹೋಗಿತ್ತು. ನನ್ನ ಕಣ್ಣು ಅದರ ಮೇಲೆಯೇ. ಡಾಕ್ಟರಬಾಯಿ ಕೈ ತೊಳೆಯಲು ಒಳಗೆ ಹೋದಾಗ ನಮ್ಮವರು ಬೋರ್ಡಿನ ಹತ್ತಿರ ಬಗ್ಗಿ ನೋಡಿ, ಮುಖ ಸಿಂಡರಿಸಿ, "ಅರ್ಥಿಂಗ್ ಬರೋಬ್ಬರಿ ಇಲ್ಲ ಇಲ್ಲಿ" ಎಂದರು. "ಹೋಗೂಣು ನಡೀರಿ" ಎಂದೆ. "ಒಂದ ನಿಮಿಷ ತಡಿ" ಎಂದು ಫೋನ್ ಹಿಡಿದು ಬಾಗಿಲಾಚೆ ಹೋದರು.

ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ಫ್ಯಾನು ನಿಧಾನವಾಗುತ್ತ ಬಂದು ನಿಂತಿತು. ಎದುರಿನ ಹಿಟ್ಟಿನ ಗಿರಣಿಯ ಸದ್ದು ನಿಂತಿತು. ಇವರು ಒಳಗಿಣುಕಿ, ಪಿಸುಗುಟ್ಟಿದರು: "ಎಲ್‌ಸಿ ತಗೊಂಡೀನಿ."

"ಯಾಕ?"

"ವೈರ್ ಜೋಡಸೂತನಕ ಲೈನ್ ಬಂದ್ ಇರಬೇಕಲೇ. ಜೋಡಿಸಿ ಮುಗದಮ್ಯಾಲ ಚಾರ್ಜ್ ಮಾಡಸ್ತೀನಿ. ಆಪರೇಟರ್ ಲೈನಿನಾಗ ಅದಾನ."

ನನ್ನ ಗಂಟಲಿನ ಸಲುವಾಗಿ ನವಲಗುಂದದ ಒಂದು ಭಾಗವೇ ಕರೆಂಟಿಲ್ಲದೆ ಕೂತಿತ್ತು. ಇದು ತಪ್ಪೆಂದು ನನಗೆ ಆಗಲೇ ಗೊತ್ತಾಗಬೇಕಿತ್ತು. ಖರೆ ಹೇಳುತ್ತೇನೆ, ನನಗೆ ಆಗ ಅನಿಸಿದ್ದು ಇಷ್ಟೇ: ಗಂಡ ಅಂದರೆ ಇವನಪ್ಪ! ಡಾಕ್ಟರಬಾಯಿ ಕೈ ಒರೆಸಿಕೊಳ್ಳುತ್ತ ಬಂದು, "ಹೋತಲ್ಲ ಮತ್ತ? ಈ ಕರೆಂಟಿನವರ ಹಣೇಬರಾನ ಇಷ್ಟ" ಎಂದು ಬೈದರು. ನಮ್ಮವರು ಬಾಗಿಲಲ್ಲಿ ನಿಂತು ಗಿರಣಿಯ ಕಡೆ ನೋಡತೊಡಗಿದರು.

ಡಾಕ್ಟರಬಾಯಿ ನನ್ನ ಹೆಬ್ಬೆರಳಿನ ಬುಡಕ್ಕೆ, ಮಣಿಕಟ್ಟಿನ ಒಳಬದಿಗೆ, ಪಾದದ ಮೇಲೆ ತಣ್ಣನೆಯ ಪಟ್ಟಿಗಳನ್ನು ಅಂಟಿಸಿದರು. ಅವಕ್ಕೆ ವೈರು ಸಿಕ್ಕಿಸಿದರು. ಲೈನು ಬಂದ್ ಇದೆಯಲ್ಲ ಎಂದು ನಾನು ಧೈರ್ಯವಾಗಿ ಕೂಸಿನ ಹಾಗೆ ಮಲಗಿದ್ದೆ. ಅವರು ಮಷಿನ್ನಿನ ಕಿವಿ ತಿರುವಿದರು. ನನ್ನ ಹೆಬ್ಬೆರಳು ಟಪ್ಪನೆ ಹಾರಿತು. ಮತ್ತೆ ಹಾರಿತು. ಮೊಣಕೈವರೆಗೆ ಜುಮ್ ಎಂದು ಏನೋ ಹರಿಯಿತು.

ಎಲ್‌ಸಿ ಇದೆ. ಲೈನು ಬಂದ್ ಇದೆ. ಆದರೂ ಕರೆಂಟು ಬಂದಿದೆ. ಲೈನ್‌ಮನ್ ಹೆಂಡತಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. "ರಿಟರ್ನ್! ಯವ್ವಾ, ರಿಟರ್ನ್ ಬಂತ್ರಿ!" ಎಂದು ನಾನು ಹೊಡೆದುಕೊಂಡ ಬೊಬ್ಬೆಗೆ ಗಿರಣಿಯಲ್ಲಿದ್ದವರೂ ಹೊರಗೆ ಬಂದರಂತೆ.

ಇಲ್ಲಿ ಒಂದು ಮಾತು ಹೇಳಬೇಕು. ಕರೆಂಟ್ ಹಿಡಿದವರನ್ನು ಬರಿಗೈಯಲ್ಲಿ ಮುಟ್ಟಬಾರದು, ಒಣ ಕಟ್ಟಿಗೆಯಿಂದ ದೂಡಬೇಕು ಎನ್ನುವುದು ಇವರ ಕೆಲಸದ ಅ ಆ ಇ ಈ. ಮದುವೆಯಾದ ವಾರದಲ್ಲೇ ನನಗೆ ಇದನ್ನು ಬಾಯಿಪಾಠ ಮಾಡಿಸಿದ್ದಾರೆ. ಬಾಗಿಲ ಮೂಲೆಯಲ್ಲಿ, ಇವರ ಕೈಗೆ ನಿಲುಕುವ ಹಾಗೆ, ಕಸಬರಿಗೆಯ ಉದ್ದನೆಯ ಕೋಲು ನಿಂತಿತ್ತು. ಇವರು ಅದರ ಕಡೆ ನೋಡಲೂ ಇಲ್ಲ. ಫೋನ್ ಬಿಸಾಕಿ, ಒಂದೇ ನೆಗೆತಕ್ಕೆ ಬಂದು, ಎರಡೂ ಕೈಯಿಂದ ನನ್ನನ್ನು ಬಾಚಿ ಹಿಡಿದು ಮಂಚದಿಂದ ಎಳೆದರು. ಪಟ್ಟಿಗಳು ಪಟಪಟ ಕಿತ್ತುಬಂದವು. ಇಬ್ಬರೂ ನೆಲದ ಮೇಲೆ ಬಿದ್ದೆವು.

"ಏ, ಏನ್ರಿ ಇದು? ಹೇಣ್ತೀನ ಹಿಂಗ ಎಳದಾಡ್ತಾರೇನ್ರಿ?" ಎಂದು ಡಾಕ್ಟರಬಾಯಿ ಕೂಗಿದರು.

"ರಿಟರ್ನ್ ಐತ್ರಿ ಮೇಡಂ, ಮಷಿನ್ ಮುಟ್ಟಬ್ಯಾಡ್ರಿ! ಯಾವನೋ ಬಾಜೂದಾಂವ ಜನರೇಟರ್ ಹಚ್ಯಾನ!" ಎಂದು ಇವರು ನೆಲದಿಂದಲೇ ಕೂಗಿದರು.

ಡಾಕ್ಟರಬಾಯಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಮಷಿನ್ನನ್ನು ತಿರುವಿಹಾಕಿ, ಕೆಳಗಿನ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಚೌಕ ಬ್ಯಾಟರಿ, ಒಂದೇ ಒಂದು. "ಇದರ ಮ್ಯಾಲ ನಡೀತೈತ್ರಿ ಇದು. ಒಂಬತ್ತು ವೋಲ್ಟು." ಗೋಡೆಗೆ ಹೋಗಿದ್ದ ಬಿಳಿ ವೈರು ಅವರ ಮೊಬೈಲಿನ ಚಾರ್ಜರಿನದು. ಹನ್ನೊಂದು ಸಾವಿರ ವೋಲ್ಟಿನ ಕೆಳಗೆ ನಿಂತು ಬೀಡಿ ಸೇದುವ ನಮ್ಮವರು ಆ ಬ್ಯಾಟರಿಯನ್ನು ನೋಡುತ್ತ ಬಾಯಿ ತೆರೆದು ಕೂತರು. ಮೂಲೆಗೆ ಬಿದ್ದ ಫೋನಿನಿಂದ ಆಪರೇಟರನ ದನಿ ಬರುತ್ತಲೇ ಇತ್ತು: "ಹಲೋ! ಚಾರ್ಜ್ ಮಾಡ್ಲ್ಯೋ ಬ್ಯಾಡೋ? ಹಲೋ! ಜನಾ ಫೋನ್ ಮಾಡಿ ಒದರಾಕತ್ತಾರೋ ಮಾರಾಯಾ!" ಇವರು ತೆವಳಿಕೊಂಡು ಹೋಗಿ ಫೋನೆತ್ತಿ, ಸಣ್ಣ ದನಿಯಲ್ಲಿ "ಮಾಡಪಾ" ಎಂದರು. ಫ್ಯಾನು ತಿರುಗಿತು. ಗಿರಣಿಯಲ್ಲಿ ಯಾರೋ "ಬಂತೋ!" ಎಂದು ಸಿಳ್ಳೆ ಹೊಡೆದರು.

ನನಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು. "ಕೋಲು ಅಲ್ಲೇ ಇತ್ತಲ್ರಿ! ಬರಿಗೈಲೆ ಯಾಕ ಹಿಡದ್ರಿ? ಖರೇನ ರಿಟರ್ನ್ ಇದ್ದಿದ್ರ? ಇಬ್ರೂ ಹೋಗತಿದ್ವಿ!"

"ಕೋಲು ಕಾಣಲಿಲ್ಲ."

"ಕಂಬದ ಮ್ಯಾಲೂ ಹಿಂಗ ಏನೂ ಕಾಣಲಾರದಂಗ ಕೆಲಸ ಮಾಡ್ತೀರೇನು?" ಎಂದವಳು ಅಲ್ಲೇ ನೆಲದ ಮೇಲೆ ಅಳತೊಡಗಿದೆ. ಆ ಕಲಘಟಗಿಯ ಸುದ್ದಿ ಹೇಳಿ ಪುಂಡಿಪಲ್ಯ ಕೇಳಿದಿರಲ್ಲ ಎಂದೆ. ಮಳೆ ಬಂದರೆ ನನಗೆ ಕೂಳು ಇಳಿಯುವುದಿಲ್ಲ, ನೀವು ಗಾಡಿಯ ಕೀಲಿ ತೆಗೆದುಕೊಂಡರೆ ನನ್ನ ಜೀವ ಹೋಗುತ್ತದೆ, ನಿಮಗೆ ಮಾತ್ರ ಹೆದರಿಕೆ ಎನ್ನುವುದೇ ಇಲ್ಲ ಎಂದೆ. ಡಾಕ್ಟರಬಾಯಿಯ ಎದುರಿಗೇ ಎಲ್ಲವನ್ನೂ ಹೇಳಿಬಿಟ್ಟೆ.

ಇವರು ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿದರು. ಗಡಗಡ ನಡುಗುತ್ತಿದ್ದವು. "ನನಗ ಹೆದರಿಕಿ ಇಲ್ಲಂತ ಯಾರು ಹೇಳ್ಯಾರ ನಿನಗ? ದಿನಾ ಕಂಬಾ ಹತ್ತುಮುಂದ ಕಾಲು ನಡಗ್ತಾವು. ಮನಿಗೆ ಬಂದು ಅದನ್ನ ಹೇಳ್ಲೇನು? ಮೊದಲ ಮಿಕ್ಸರಿಗೆ ಅಂಜಾಕಿ ನೀ."

ಡಾಕ್ಟರಬಾಯಿ ನನ್ನನ್ನು ಎಬ್ಬಿಸಿ ಮಂಚದ ಮೇಲೆ ಮಲಗಿಸಿ, ಹೊಸ ಪಟ್ಟಿ ಅಂಟಿಸಿದರು. ಇವರಿಗೆ ಸ್ಟೂಲು ತೋರಿಸಿ, "ನೀವು ಇಲ್ಲೇ ಕುಂಡರ್ರಿ. ಫೋನ್ ಬಂದ್ ಮಾಡ್ರಿ. ಯಾರಿಗೂ ಏನೂ ಬಂದ್ ಮಾಡಂತ ಹೇಳಬ್ಯಾಡ್ರಿ" ಎಂದರು. ಇವರು ಶಾಲೆಯ ಹುಡುಗನ ಹಾಗೆ ಮೊಣಕಾಲ ಮೇಲೆ ಕೈಯಿಟ್ಟು ಕೂತರು. ಹೆಬ್ಬೆರಳು ಹಾರುತ್ತಿತ್ತು. ಹೆದರಿಕೆಯಾಯಿತು, ಆದರೂ ಮಲಗಿದ್ದೆ.

ಈಗ ವಾರಕ್ಕೊಮ್ಮೆ, ಮಂಗಳವಾರ, ನವಲಗುಂದಕ್ಕೆ ಹೋಗುತ್ತೇವೆ. ಇವರು ಅರ್ಧ ದಿನ ರಜೆ ಹಾಕುತ್ತಾರೆ. ಗಂಟಲಿನ ಗಂಟು ಕರೆಂಟಿಗೆ ಹೆದರಿ ಹೋಯಿತೋ, ಅಂದು ಅತ್ತದ್ದಕ್ಕೆ ಕರಗಿತೋ ಗೊತ್ತಿಲ್ಲ. ಅದು ಹೋಗಿ ಬಹಳ ದಿನಗಳಾದವು. ಒಣಗಿದ ಕಟಕ್ ರೊಟ್ಟಿಯೂ ಸಲೀಸಾಗಿ ಇಳಿಯುತ್ತದೆ. ಆದರೆ ಈ ಸಂಗತಿಯನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ. ಇವರ ನೌಕರಿ ಬಿಡಿಸುವುದು ನನ್ನಿಂದ ಆಗದ ಮಾತು. ಮಳೆ ನಿಲ್ಲಿಸುವುದೂ ಆಗುವುದಿಲ್ಲ. ಆ ಮಂಚದ ಮೇಲೆ ನಾನು ಮಲಗಿದ್ದಷ್ಟು ಹೊತ್ತು ಇವರು ಬಾಜೂ ಸ್ಟೂಲಿನ ಮೇಲೆ, ಎರಡೂ ಪಾದ ನೆಲಕ್ಕೆ ಊರಿಕೊಂಡು, ಫೋನ್ ಬಂದ್ ಮಾಡಿಕೊಂಡು ಕೂತಿರುತ್ತಾರೆ. ಆ ಹೊತ್ತಿನಲ್ಲಿ ಇವರನ್ನು ಯಾರೂ ಕಂಬ ಹತ್ತಿಸಲಾರರು.

ಮೊನ್ನೆ ಡಾಕ್ಟರಬಾಯಿ, "ಈಗರ ಹೆಂಗೈತ್ರಿ ಗಂಟಲಾ? ಪೂರಾ ಹೋಗಿರಬೇಕಲ್ಲ" ಎಂದು ಕೇಳಿದರು. ಹೊರಗೆ ಮೋಡ ಕಟ್ಟಿತ್ತು. ನಾನು ಗಂಟಲು ಮುಟ್ಟಿಕೊಂಡು, ಒಮ್ಮೆ ಉಗುಳು ನುಂಗಿ ನೋಡಿದವಳ ಹಾಗೆ ಮಾಡಿ, "ಇನ್ನೂ ಒಂದೀಟು ಐತ್ರಿ" ಎಂದೆ.

"ಹಂಗಾರ ಕರೆಂಟ್ ಸ್ವಲ್ಪ ಏರಸ್ಲೇನ್ರಿ? ತಡೀತೀರಿಲ್ಲೋ?"

ನಾನು ಇವರ ಕಡೆ ನೋಡಿದೆ. ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದರು. ನಾನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, "ಏರಸ್ರಿ" ಎಂದೆ.