ನಲವತ್ತು ಪದದೊಳಗೆ ಸಾಯಬೇಕು

ಗುಮಾಸ್ತ: ಆಗಲ್ಲ ಅಮ್ಮಾ. ಒಂದನೇ ನಿಯಮ ಒಪ್ಪಲ್ಲ.

ಆಕೆ: ಆ ಒಂದನೇ ನಿಯಮ ಬರೆದೋರು ಯಾರಪ್ಪ?

ಗುಮಾಸ್ತ: ನಿಮ್ಮ ಯಜಮಾನ್ರೇ.

ಆಕೆ: ಅವರು ಈಗೆಲ್ಲಿದಾರೆ?

ಗುಮಾಸ್ತ: (ತಲೆ ತಗ್ಗಿಸಿ) ಇಲ್ಲ.

ಆಕೆ: ಅದನ್ನೇ ಬರ್ಕೋ ಅಂತಿರೋದು.

ಪತ್ರಿಕೆ ಕಚೇರಿಯ ಕೆಳಮಹಡಿ. ನಿಧನ ವಾರ್ತೆ ತೆಗೆದುಕೊಳ್ಳುವ ಕಿಟಕಿ. ಕಿಟಕಿಯ ಒಳಗೆ ಗುಮಾಸ್ತ, ಹೊರಗಿನ ಸ್ಟೂಲಿನ ಮೇಲೆ ಆಕೆ. ಇದೇ ಕಿಟಕಿಯಲ್ಲಿ ಮೂವತ್ತನಾಲ್ಕು ವರ್ಷ ಕೂತು, ಊರಿನವರ ದುಃಖವನ್ನೆಲ್ಲ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, 'ಕತ್ತರಿ' ಅಂತ ಹೆಸರು ಪಡೆದವರು ಆಕೆಯ ಗಂಡ. ನಿವೃತ್ತರಾಗಿ ಆರು ವರ್ಷವಾಗಿತ್ತು. ಈ ಹೊತ್ತು ಬೆಳಿಗ್ಗೆ ಆರಕ್ಕೆ ತೀರಿಕೊಂಡರು. ಅವರು ಕೈಯಾರೆ ಬರೆದ ಐದು ನಿಯಮಗಳು ಇನ್ನೂ ಮೇಜಿನ ಗಾಜಿನ ಕೆಳಗೆ ಭದ್ರವಾಗಿವೆ. ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತು. ನಾಲ್ಕಕ್ಕೆ ಪುಟ ಹೋಗುತ್ತದೆ.

ಗುಮಾಸ್ತ: ನೀವೇ ಓದಿ ಅಮ್ಮಾ. 'ದಾಖಲೆಯಲ್ಲಿರುವ ಹೆಸರನ್ನೇ ಹಾಕತಕ್ಕದ್ದು. ಅಡ್ಡಹೆಸರು ಕೂಡದು.' ನೀವು ನೋಡಿದ್ರೆ ಶುರುನಲ್ಲೇ 'ಕತ್ತರಿ' ಅಂತ ಬರ್ಕೊಂಡು ಬಂದಿದೀರ.

ಆಕೆ: ದಾಖಲೆ ಹೆಸರು ಹಾಕಿದ್ರೆ ಯಾರಿಗಪ್ಪ ಗೊತ್ತಾಗುತ್ತೆ? ಮದುವೆ ದಿನ ಕೇಳಿದ್ದೆ, ಇವತ್ತು ಡಾಕ್ಟರು ಚೀಟೀಲಿ ಬರೆದಾಗ ಓದಿದೆ. ಮಧ್ಯೆ ನಲವತ್ತೊಂದು ವರ್ಷ ಆ ಹೆಸರು ಎಲ್ಲಿತ್ತೋ ನನಗೇ ಗೊತ್ತಿಲ್ಲ.

ಗುಮಾಸ್ತ: ಸಂಬಳದ ರಿಜಿಸ್ಟರಲ್ಲಿತ್ತು.

ಆಕೆ: ಹಾಗಾದ್ರೆ ರಿಜಿಸ್ಟರು ಬರುತ್ತೆ ಬಿಡು ನಾಳೆ, ಮುಖ ನೋಡೋಕೆ.

ಗುಮಾಸ್ತ: ಅದಿರಲಿ, ಈ ಸಾಲು ಏನು? 'ಮಹಾ ಹಟಮಾರಿ.' ಎರಡನೇ ನಿಯಮ: 'ಸತ್ತವರ ದೋಷ ಬರೆಯಕೂಡದು.'

ಆಕೆ: ಹಟಮಾರಿ ಅಲ್ವಾ?

ಗುಮಾಸ್ತ: ಹೌದು. ಆದ್ರೆ ಬರೀಬಾರದು.

ಆಕೆ: ಮತ್ತೇನು ಬರೀಬೇಕು?

ಗುಮಾಸ್ತ: ನಾಲ್ಕನೇ ನಿಯಮದಲ್ಲಿ ಮೂರು ಗುಣ ಕೊಟ್ಟಿದಾರೆ. ಸರಳ, ಸಜ್ಜನ, ಸ್ನೇಹಜೀವಿ. ಯಾವುದು ಬೇಕಾದ್ರೂ ತಗೊಳ್ಳಿ. ಮೂರೂ ತಗೊಂಡ್ರೂ ಅಡ್ಡಿಯಿಲ್ಲ.

ಆಕೆ: ಸ್ನೇಹಜೀವಿ.

ಗುಮಾಸ್ತ: ಹ್ಞೂಂ.

ಆಕೆ ಕಿಟಕಿಗೆ ಬಗ್ಗಿ, ಗಾಜಿನ ಕೆಳಗಿನ ಆ ಪದವನ್ನು ಇನ್ನೊಂದು ಸಲ ಓದಿದಳು.

ಆಕೆ: ಅವರಿಗೆ ಸ್ನೇಹಿತರು ಅಂತ ಯಾರಿದ್ರು?

ಗುಮಾಸ್ತ: ನಾನಿದ್ದೆನಲ್ಲ. ಒಂಬತ್ತು ವರ್ಷ ಪಕ್ಕದಲ್ಲೇ ಕೂತು ಕೆಲಸ ಕಲಿತೋನು.

ಆಕೆ: ಮನೇಲಿ ನಿನ್ನ 'ಆ ಕತ್ತೆ' ಅಂತಿದ್ರು.

ಗುಮಾಸ್ತ: ಇಲ್ಲೂ ಹಾಗೇ ಅಂತಿದ್ರು. ಸಲಿಗೆ ಇತ್ತು.

ಅವನು ಹೊಸ ಫಾರಂ ತೆಗೆದು, ಪೆನ್ನು ಝಾಡಿಸಿ, ತುಂಬತೊಡಗಿದ. 'ಅಪಾರ ಬಂಧುಬಳಗ' ಅನ್ನೋದು ಫಾರಂನಲ್ಲಿ ಮೊದಲೇ ಅಚ್ಚಾಗಿತ್ತು.

ಆಕೆ: ಯಾವ ಬಂಧುಬಳಗ? ಇರೋನು ಒಬ್ಬ ತಮ್ಮ. ಅವನು ಮಾತು ಬಿಟ್ಟು ಹನ್ನೆರಡು ವರ್ಷ ಆಯ್ತು.

ಗುಮಾಸ್ತ: ಅಪಾರ ಅನ್ನೋದು ರೂಢಿ ಅಮ್ಮಾ. ಯಾರೂ ಎಣಿಸೋಕೆ ಹೋಗಲ್ಲ.

ಆಕೆ: ಪತ್ರಿಕೇಲಿ ಕೆಲಸ ಮಾಡಿದೋರು ಅಂತಾದ್ರೂ ಹಾಕು.

ಗುಮಾಸ್ತ: ಐದನೇ ನಿಯಮ. ಉದ್ಯೋಗ ಬರೆಯಕೂಡದು. 'ಸತ್ತ ಮೇಲೆ ಎಂಥ ಹುದ್ದೆ' ಅಂತಿದ್ರು. ನಿಮ್ಮ ಕಾಗದದಲ್ಲಿ ತೊಂಬತ್ತೆರಡು ಪದ ಇದೆ. ಮೂರನೇ ನಿಯಮದ ಪ್ರಕಾರ ನಲವತ್ತು ಮೀರಕೂಡದು. ಐದಕ್ಕೆ ಐದೂ ಮುರಿದಿದೀರ ಅಮ್ಮಾ. ಈ ಕಿಟಕಿಯಲ್ಲಿ ಇದು ಮೊದಲನೇ ಸಲ.

ಆಕೆ: ಅವರ ಜೊತೆ ಬಾಳಿದೋಳು ನಾನೊಬ್ಬಳೇ ತಾನೇ.

ಗುಮಾಸ್ತ: ನೀವು ಸುಮ್ನೆ ಮನೆಗೆ ಹೋಗಿ. ಇಂಥ ಹೊತ್ತಲ್ಲಿ ಯಾಕೆ ಒದ್ದಾಡ್ತೀರ? ಚಿಕ್ಕದಾಗಿ, ಚೊಕ್ಕವಾಗಿ ನಾನು ಹಾಕಿಸ್ತೀನಿ.

ಆಕೆ: ನೋಡಪ್ಪ. ಆರು ವರ್ಷ ಅವರು ದಿನಾ ಬೆಳಿಗ್ಗೆ ಈ ಪುಟ ಓದೋರು. ನೀನು ಬಿಟ್ಟ ಪದಗಳನ್ನ ಅಲ್ಲೇ ಕೂತು ಹೊಡೆಯೋರು. ಹೋದ ತಿಂಗಳು ಒಂದಿನ ಪೇಪರ್ ಮಡಚಿಟ್ಟು, 'ಇಷ್ಟು ಜನರ ಸಾಲು ಹೊಡೆದಿದೀನಿ, ನನ್ನ ಸಾವಿಗೆ ಒಂದು ನರಪಿಳ್ಳೆಯೂ ಬರಲ್ಲ' ಅಂದ್ರು. ನಾನು ಬರ್ತಾರೆ ಅಂದೆ. ಅವರು ಬರಲ್ಲ ಅಂದ್ರು. ಎರಡು ದಿನ ಅದೇ ಜಗಳ. ನಲವತ್ತೊಂದು ವರ್ಷದಲ್ಲಿ ಒಂದು ವಾದದಲ್ಲೂ ನಾನು ಗೆದ್ದಿಲ್ಲ. ಇದೊಂದನ್ನ ಸೋಲಲ್ಲ. ಮಗಳು ಮನೇಲಿ ಅಳ್ತಾ ಕೂತಿದಾಳೆ. ನನಗಿನ್ನೂ ಅಳೋಕೆ ಪುರುಸೊತ್ತಾಗಿಲ್ಲ.

ಗುಮಾಸ್ತ ಅರ್ಧ ತುಂಬಿದ್ದ ಫಾರಂ ಹತ್ತಿರಕ್ಕೆಳೆದುಕೊಂಡ. ಒಂಬತ್ತು ವರ್ಷದ ತರಬೇತಿ ಕೈಯಲ್ಲೂ ಇತ್ತು. ಉಳಿದದ್ದನ್ನು ತುಂಬಿ ಮುಗಿಸಿದ.

ಗುಮಾಸ್ತ: ದಾಖಲೆ ಹೆಸರು ಹಾಕಿದ್ರೂ ಜನಕ್ಕೆ ಗೊತ್ತಾಗದೆ ಏನಮ್ಮಾ? ಈಗ ಪೇಜಿನವನು ಬರ್ತಾನೆ. ಇಪ್ಪತ್ತೆರಡು ವರ್ಷ ಸಾರ್ ಕೊಟ್ಟ ಕಾಗದಗಳನ್ನೇ ಪುಟಕ್ಕೆ ಕೂರಿಸಿದೋನು. ನಿಯಮದ ಪ್ರಕಾರ ಬರೆದಿರೋದನ್ನೇ ಅವನ ಕೈಗೆ ಕೊಡ್ತೀನಿ, ಬಾಯಿ ಬಿಡಲ್ಲ. ಓದ್ತಿದ್ದ ಹಾಗೇ ಕುಸಿದುಬೀಳ್ತಾನೆ, ನೋಡ್ತಿರಿ.

ಪೇಜಿನವನು ಬಂದ. ಆಕೆಯನ್ನು ಅವನು ಯಾವತ್ತೂ ಕಂಡವನಲ್ಲ. ಯಾರೋ ಗಿರಾಕಿ ಅಂತ ತಲೆ ಬಾಗಿಸಿ, ಕಾಗದ ತೆಗೆದುಕೊಂಡು, ನಿಂತಲ್ಲೇ ಓದಿದ.

ಪೇಜಿನವನು: 'ಸರಳ, ಸಜ್ಜನ, ಸ್ನೇಹಜೀವಿ... ಪತ್ನಿ, ಪುತ್ರಿ, ಅಪಾರ ಬಂಧುಬಳಗ...' ಪಾಪ. ಒಳ್ಳೇ ಮನುಷ್ಯ ಇದ್ದ ಹಾಗಿದೆ.

ಗುಮಾಸ್ತ: ಸರಿಯಾಗಿ ಓದಿದೆಯಾ?

ಪೇಜಿನವನು: ಓದಿದೆ. ಮೂರನೇ ಕಾಲಂ, ಕೆಳಗಡೆ. ಚೆನ್ನಾಗಿ ಕೂರುತ್ತೆ.

ಗುಮಾಸ್ತ: ಹೆಸರು ನೋಡಿದೆಯಾ?

ಪೇಜಿನವನು: ನೋಡಿದೆ. ಸ್ವಲ್ಪ ಉದ್ದ, ಅಕ್ಷರ ಸಣ್ಣದು ಮಾಡ್ತೀನಿ ಬಿಡಿ. ಕತ್ತರಿ ಸಾರ್ ಇದ್ದಿದ್ರೆ ಇದರಲ್ಲೂ ಎರಡು ಪದ ಹಾರಿಸೋರು. ಅಂದ ಹಾಗೆ ಹೇಗಿದಾರಂತೆ ಸಾರ್? ಹೋಗಿ ನೋಡಿ ಬರಬೇಕು ಅಂತ ವರ್ಷದಿಂದ ಅಂದ್ಕೋತಿದೀನಿ.

ಗುಮಾಸ್ತ ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಹೇಳಿದಳು.

ಆಕೆ: ಚೆನ್ನಾಗಿದಾರಪ್ಪ. ಈಗ ಸರಳ ಸಜ್ಜನ ಆಗಿದಾರೆ.

ಪೇಜಿನವನು: ಯಾರು, ಅವರಾ? ತಮಾಷೆ ಮಾಡ್ತೀರಲ್ಲ! ನಾಲ್ಕಕ್ಕೆ ಐದು ನಿಮಿಷ ಇರೋವಾಗ ಕಳಿಸಿ ಸಾರ್, ಇನ್ನೇನಾದ್ರೂ ಇದ್ರೆ.

ಅವನು ಕಾಗದ ಬೀಸಿಕೊಳ್ಳುತ್ತ ಮೆಟ್ಟಿಲು ಹತ್ತಿದ. ಗುಮಾಸ್ತ ಗಾಜಿನ ಕೆಳಗಿನ ನಿಯಮಗಳನ್ನೇ ನೋಡುತ್ತಿದ್ದ.

ಆಕೆ: ಕುಸಿದುಬಿದ್ನಾ?

ಗುಮಾಸ್ತ: ಅಮ್ಮಾ, ನನ್ನ ಪರಿಸ್ಥಿತೀನೂ ನೋಡಿ. ನಿಯಮ ಯಾಕಿದೆ? ಜಾಗ ಉಳಿಸೋಕೆ. ನಲವತ್ತು ಪದ ಅಂತ ಯಾಕಿಟ್ರು? ಜಾಗಕ್ಕೆ.

ಆಕೆ: ಯಾವ ಜಾಗ, ಮಣ್ಣು? ನಿನಗೆ ಹೇಳಲೇ ಇಲ್ವಾ ಅವರು? ಒಬ್ಬ ಮಗ ಬಂದು ತಂದೆ ಬಗ್ಗೆ ಮುನ್ನೂರು ಪದ ಬರೆಸಿದ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡೆ, ಹಾಗೆ, ಹೀಗೆ. ಮಾರನೇ ದಿನ ಮಗಳು ಬಂದು ಇದೇ ಕಿಟಕಿ ಮುಂದೆ ಬಿಕ್ಕಿ ಬಿಕ್ಕಿ ಅತ್ತಳಂತೆ. ಅಪ್ಪ ಎಂಟು ವರ್ಷ ಹಾಸಿಗೆ ಹಿಡಿದದ್ದು ಅವಳ ಮನೇಲಿ. ಮಗ ಒಂದಿನ ಬಾಗಿಲು ತುಳಿದಿರಲಿಲ್ಲ. ಅವತ್ತು ಇವರಿಗೆ ಅನ್ನ ಸೇರಲಿಲ್ಲ. ಪದ ಜಾಸ್ತಿ ಆದಷ್ಟೂ ಸುಳ್ಳಿಗೆ ಅನುಕೂಲ ಅಂತ ನಲವತ್ತಕ್ಕೆ ನಿಲ್ಲಿಸಿದ್ರು.

ಗುಮಾಸ್ತ: ಮತ್ತೆ ಆ ಮೂರೇ ಮೂರು ಗುಣ?

ಆಕೆ: ಒಬ್ಬೊಬ್ಬರೂ ಹತ್ತು ಹನ್ನೆರಡು ಗುಣ ಬರ್ಕೊಂಡು ಬರ್ತಿದ್ರು. ಊರಲ್ಲಿ ದಿನಾ ಇಷ್ಟೊಂದು ಒಳ್ಳೆಯೋರು ಸತ್ರೆ ಉಳಿದಿರೋರು ಯಾರು, ನಮ್ಮಂಥೋರಾ ಅಂತ ಅವರಿಗೆ ಭಯ ಆಯ್ತಂತೆ.

ಗುಮಾಸ್ತ: ಅಡ್ಡಹೆಸರು?

ಆಕೆ: 'ಗೂಬೆ' ಅಂತ ಯಾರನ್ನೋ ಹಾಕಿದ್ರು. ಬದುಕಿದ್ದ ಬೇರೆ ಗೂಬೆ ಬಂದು ಗಲಾಟೆ ಮಾಡಿದ. ಊರಲ್ಲಿ ಕತ್ತರಿ ಒಬ್ಬರೇ. ಯಾರೂ ಗಲಾಟೆಗೆ ಬರಲ್ಲ.

ಗುಮಾಸ್ತ: ನನಗೆ ಇದ್ಯಾವುದನ್ನೂ ಅವರು ಹೇಳಲಿಲ್ಲ. ಉರು ಹೊಡಿ ಅಂದ್ರು, ಹೊಡೆದೆ.

ಆಕೆ: ಅದಕ್ಕೇ ಕತ್ತೆ ಅಂತಿದ್ದದ್ದು. ಊಟದ ಹೊತ್ತಲ್ಲಿ ನನ್ನ ತಲೆ ತಿಂದದ್ದು ನಿನಗೆಲ್ಲಿ ಗೊತ್ತಿರುತ್ತೆ? ಸುಳ್ಳು ಬೇಡ ಅಂತ ಮಾಡಿದ ನಿಯಮ ಕಣಪ್ಪ ಇವು. ಅದನ್ನ ಹಿಡ್ಕೊಂಡು ಈಗ ಅವರ ಮೇಲೇ ಸುಳ್ಳು ಬರೆದೆಯಲ್ಲ. ಸ್ನೇಹಜೀವಿ ಅಂತೆ!

ಗುಮಾಸ್ತ: ಇವತ್ತು ನಿಮಗೆ ಬಿಟ್ರೆ ನಾಳೆ ಎಲ್ಲರೂ ಬರ್ತಾರೆ, ನಮಗೂ ಬಿಡಿ ಅಂತ.

ಆಕೆ: ಬರಲಿ. ಈ ನಿಯಮ ಯಾಕೆ ಬಂತು ಅಂತ ಕೇಳು. ಹೇಳಿದೋರಿಗೆ ಬಿಡು.

ಗುಮಾಸ್ತ: ಯಾರೂ ಹೇಳಲ್ಲ.

ಆಕೆ: ಮತ್ತೆ? ನಿನ್ನ ಕಿಟಕಿಗೇನೂ ಆಗಲ್ಲ.

ಮೂರೂ ಮುಕ್ಕಾಲು. ಗುಮಾಸ್ತ ಮೇಲಕ್ಕೆ ಫೋನ್ ಮಾಡಿ, ಮೂರನೇ ಕಾಲಮಿನ ಕೆಳಗಡೆ ಇರುವುದನ್ನು ತೆಗೆದುಹಾಕು, ಬೇರೆ ಬರುತ್ತದೆ ಅಂದ. ಆಮೇಲೆ ಆಕೆಯ ಕಾಗದ ಎದುರಿಗಿಟ್ಟುಕೊಂಡು ತೊಂಬತ್ತೆರಡು ಪದವನ್ನೂ ದುಂಡಗೆ ನಕಲು ಮಾಡಿದ. ಹುದ್ದೆಗೆ ಬಂದಾಗಿನಿಂದ ಇಷ್ಟು ಉತ್ಸಾಹದಲ್ಲಿ ಅವನು ಏನನ್ನೂ ಬರೆದಿರಲಿಲ್ಲ.

ಗುಮಾಸ್ತ: ಪೂರ್ತಿ ಹಾಕಿದೀನಿ ಅಮ್ಮಾ. ಒಂದಕ್ಷರ ಮುಟ್ಟಿಲ್ಲ. ಕೇಳಿ. 'ಕತ್ತರಿ ಹೋದರು. ಮಹಾ ಹಟಮಾರಿ. ನನ್ನ ಪಾಲಿಗೆ ಅವರೇ ಆಕಾಶ, ಅವರೇ ಭೂಮಿ...'

ಆಕೆ: ತಡಿ. ಆಕಾಶ ಯಾಕೆ?

ಗುಮಾಸ್ತ: ನೀವೇ ಬರೆದಿದೀರ.

ಆಕೆ: ಬೆಳಿಗ್ಗೆ ಬರೆದದ್ದು, ಮೈಮೇಲೆ ಜ್ಞಾನ ಇರಲಿಲ್ಲ. ಮಗಳ ಮದುವೆ ದಿನ ಊಟದ ಪಂಕ್ತೀಲಿ ಕೂತು ಪೇಪರ್ ತಿದ್ದಿದ ಮನುಷ್ಯ. ಆಕಾಶ ಅಂತೆ. ಹೊಡಿ.

ಗುಮಾಸ್ತ: ಹೊಡೀಬೇಕಾ?

ಆಕೆ: ಕೊಡಿಲ್ಲಿ ಕೆಂಪು ಪೆನ್ನು. 'ಮಹಾ ಹಟಮಾರಿ.' ಇದು ಊರಿಗೇ ಗೊತ್ತು, ಬೇಡ. 'ನಲವತ್ತೊಂದು ವರ್ಷ ನನ್ನ ಮಾತನ್ನೂ ಅರ್ಧಕ್ಕೇ ನಿಲ್ಲಿಸಿದರು.' ಇದು ಊರಿಗೆ ಯಾಕೆ? ಮನೆ ವಿಷಯ. ಹೋಯ್ತು. 'ತುಂಬಲಾರದ ನಷ್ಟ.' ಇದನ್ನ ಯಾರು ಸೇರಿಸಿದ್ದು?

ಗುಮಾಸ್ತ: ಅಭ್ಯಾಸಬಲ. ನಾನೇ.

ಆಕೆ: ಕತ್ತೆ.

ಗುಮಾಸ್ತ: ಅಮ್ಮಾ, ಸಾಕು ಅಮ್ಮಾ! 'ಕೊನೆ ದಿನವೂ ನನ್ನ ಕೈ ಹಿಡಿದಿದ್ದರು' ಅನ್ನೋದನ್ನ ಬಿಡಿ. ಅದು ಚೆನ್ನಾಗಿದೆ. ನಿಜ ಕೂಡ ಇರಬೇಕು.

ಆಕೆ: ನಿಜ. ಅದಕ್ಕೇ ಹೊಡೀತಿದೀನಿ. ಅದು ನನ್ನದು, ಪತ್ರಿಕೇದಲ್ಲ.

ಕೆಂಪು ಪೆನ್ನು ಕೆಳಗಿಟ್ಟಾಗ ಕಾಗದದಲ್ಲಿ ಮೂರು ಸಾಲು ಉಳಿದಿತ್ತು. ಗುಮಾಸ್ತ ಎಣಿಸಿದ. ಇನ್ನೊಂದು ಸಲ ಎಣಿಸಿದ.

ಗುಮಾಸ್ತ: ಹನ್ನೆರಡು ಪದ. ಮೂರನೇ ನಿಯಮ ಮುರೀಲೇ ಇಲ್ಲವಲ್ಲಮ್ಮಾ. ಇಷ್ಟು ಹೊತ್ತು ಗುದ್ದಾಡಿದ್ದು ಯಾಕೆ?

ಆಕೆ: ಮುರಿಯೋ ಅಗತ್ಯ ಬೀಳಲಿಲ್ಲ, ಮುರೀಲಿಲ್ಲ. ಬೇಕಾದದ್ದನ್ನ ಮುರಿದಿದೀನಿ. ಕರಿ ಅವನನ್ನ.

ಪೇಜಿನವನು ಇಳಿದು ಬಂದ. ಮುಖದಲ್ಲಿ ಅವಸರ. ಕಾಗದ ತೆಗೆದುಕೊಂಡು, ಮೊದಲಿನ ಹಾಗೇ ನಿಂತಲ್ಲೇ ಓದಿದ.

ಪೇಜಿನವನು: 'ಕತ್ತರಿ ಹೋದರು. ನಾಳೆ ಹನ್ನೊಂದರವರೆಗೆ ಮನೆಯಲ್ಲಿರುತ್ತಾರೆ. ಯಾರ ಸಾಲು ಹೊಡೆದಿದ್ದರೋ ಅವರೆಲ್ಲ ಬನ್ನಿ. ಬಯ್ಯುವುದಿದ್ದರೆ ಬಯ್ಯಿರಿ.'

ಅವನು ಕೂತುಬಿಟ್ಟ. ಅಲ್ಲಿ ಕುರ್ಚಿ ಇರಲಿಲ್ಲ. ಮೆಟ್ಟಿಲ ಮೇಲೇ ಕೂತ.

ಪೇಜಿನವನು: ಯಾವಾಗ? ನನಗೆ ಯಾಕೆ ಯಾರೂ ಹೇಳಲಿಲ್ಲ?

ಗುಮಾಸ್ತ: ಅರ್ಧ ಗಂಟೆ ಹಿಂದೆ ನಿನ್ನ ಕೈಗೇ ಕೊಟ್ಟಿದ್ದೆ. ಚೆನ್ನಾಗಿ ಕೂರುತ್ತೆ ಅಂದೆ.

ಪೇಜಿನವನು: ಅವರೇನಾ ಅದು? ಅಯ್ಯೋ... ಅಮ್ಮಾ, ನೀವು... ಗೊತ್ತಾಗಲಿಲ್ಲ ನನಗೆ. ತಪ್ಪಾಯ್ತು.

ಆಕೆ: ನಿನ್ನ ತಪ್ಪಲ್ಲಪ್ಪ. ನಿನ್ನದೂ ಏನಾದ್ರೂ ಹೊಡೆದಿದ್ರಾ?

ಪೇಜಿನವನು: (ಕಣ್ಣೊರೆಸಿಕೊಂಡು) ನಮ್ಮಪ್ಪ ತೀರಿಕೊಂಡಾಗ, 'ಇವರ ಹಾಡು ಕೇಳಲು ಬೀದಿಯಲ್ಲಿ ಜನ ನಿಲ್ಲುತ್ತಿದ್ದರು' ಅಂತ ಬರೆದಿದ್ದೆ. ಎಷ್ಟು ಜನ ನಿಲ್ಲೋರು ಅಂದ್ರು. ಇಬ್ಬರು ಅಂದೆ. ಹೊಡೆದುಬಿಟ್ರು.

ಗುಮಾಸ್ತ: ನಿಜಕ್ಕೂ ಇಬ್ಬರೇನಾ?

ಪೇಜಿನವನು: ಇಬ್ಬರೇ. ಆದ್ರೂ ಹದಿನೈದು ವರ್ಷದಿಂದ ಹೊಟ್ಟೇಲಿ ಉರೀತಿದೆ. ನಾಳೆ ಬಂದು ಬಯ್ದೇ ಬಯ್ತೀನಿ ಅಮ್ಮಾ. ಮೇಲಿನ ಮಹಡಿಯಲ್ಲಿ ಇನ್ನೂ ಏಳೆಂಟು ಜನ ಇದಾರೆ, ಇದೇ ತರದವರು. ಅವರಿಗೂ ಹೇಳ್ತೀನಿ. ಹತ್ತಕ್ಕೆ ಬಂದ್ರೆ ಸಾಕಾ?

ಆಕೆಗೆ ಬೆಳಿಗ್ಗೆಯಿಂದ ಬಾರದ ಅಳು ಈಗ ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಚೀಲ ಹೆಗಲಿಗೇರಿಸಿ, ಎದ್ದು ನಿಂತಳು.

ಆಕೆ: ಒಂಬತ್ತಕ್ಕೇ ಬಂದುಬಿಡಪ್ಪ. ಆಮೇಲೆ ಕ್ಯೂ ಇರುತ್ತೆ.